ಹೂ ಬಿಟ್ಟು ನನ್ನ ಕತ್ತರಿ ಕಿತ್ತುಕೊಂಡ ಬೋಗನ್‌ವಿಲ್ಲಾ ಗಿಡದವರಿಗೆ

ಸನ್ಮಾನ್ಯ ಬೋಗನ್‌ವಿಲ್ಲಾ ಗಿಡದವರ ಸನ್ನಿಧಾನಕ್ಕೆ,
ಕ್ಷೌರದಂಗಡಿಯ ಕಿಟಕಿಕಟ್ಟೆ, ದೊಡ್ಡ ಕನ್ನಡಿಯ ಎಡಮಗ್ಗುಲು, ಪೌಡರ್ ಡಬ್ಬಿಯ ಪಕ್ಕ.

ಮಾನ್ಯರೇ,

ಒಂದು ಗೇಣು ಎತ್ತರದ ತಮ್ಮ ಕಾಯಕ್ಕೂ ಅದರೊಳಗೆ ಅಡಗಿರುವ ಒಂದು ಮಾರುದ್ದದ ಹಟಕ್ಕೂ ತಲೆಬಾಗಿ ವಂದಿಸಿ, ತಮ್ಮ ಪಾಲಕನೂ, ಮೂವತ್ತೊಂದು ವರ್ಷಗಳಿಂದ ಈ ರಸ್ತೆಯ ತಲೆಗಳನ್ನೆಲ್ಲ ಒಂದು ಹದದಲ್ಲಿಟ್ಟವನೂ ಆದ ಕ್ಷೌರಿಕ ಬರೆದುಕೊಳ್ಳುವ ಬಿನ್ನಹವೇನೆಂದರೆ, ತಾವು ನನಗೆ ಮಾಡಿದ ಉಪಕಾರವನ್ನು ನಾನು ಈ ಜನ್ಮದಲ್ಲಿ ಮರೆಯಲಾರೆ, ಕ್ಷಮಿಸಲಂತೂ ಆರೆ. ಪತ್ರವನ್ನು ಕನ್ನಡಿಯ ಪಕ್ಕದಲ್ಲೇ ಅಂಟಿಸಿದ್ದೇನೆ. ಕುರ್ಚಿಯಲ್ಲಿ ಕೂತವರು ಹೇಗೂ ಓದುತ್ತಾರೆ. ತಾವು ಓದುವುದಿಲ್ಲವೆಂದು ಬಲ್ಲೆ. ಆದರೆ ನಾನು ಹೇಳಿದ್ದನ್ನು ಈ ಅಂಗಡಿಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳದೆ ಎರಡು ತಿಂಗಳಾಗಿರುವುದರಿಂದ ಅದು ನನಗೆ ಹೊಸದೂ ಅಲ್ಲ.

ತಮ್ಮ ಪೂರ್ವಾಶ್ರಮವನ್ನು ಸ್ವಲ್ಪ ನೆನಪಿಸಬೇಕು. ಎದುರು ಅಂಗಡಿಯ ಟೈಲರ್ ತನ್ನ ಬಾಗಿಲಲ್ಲಿ ಹಳೇ ಬಣ್ಣದ ಡಬ್ಬದಲ್ಲಿ ಬೆಳೆದಿರುವ ತಮ್ಮ ತಾಯಿಯಿಂದ ಒಂದು ಬೆರಳುದ್ದದ ಕಡ್ಡಿ ಮುರಿದುಕೊಟ್ಟು, "ಮಣ್ಣಿಗೆ ಚುಚ್ಚಿ ಮರೆತುಬಿಡಿ, ಅದರಷ್ಟಕ್ಕೆ ಅದು ಬರುತ್ತೆ" ಎಂದಿದ್ದ. ಅದರಷ್ಟಕ್ಕೆ ಬರುವುದನ್ನು ಬರಲು ಬಿಡುವ ಜಾಯಮಾನ ನನ್ನದಲ್ಲ. ಯಾರೋ ಗಿರಾಕಿ ಬೆಂಚಿನ ಮೇಲೆ ಬಿಟ್ಟುಹೋದ ಪತ್ರಿಕೆಯಲ್ಲಿ ಅಂಗೈ ಮೇಲೆ ಕೂರುವಂಥ ಮರಗಳ ಚಿತ್ರ ನೋಡಿದ್ದೆ. ಅಂದೇ ತಮ್ಮನ್ನು ಬೋನ್ಸಾಯ್ ಮಾಡುವ ಸಂಕಲ್ಪ ತೊಟ್ಟು, ಊಟದ ತಟ್ಟೆಗಿಂತ ತುಸು ಆಳದ ಮಣ್ಣಿನ ತಟ್ಟೆ ತಂದು, ಬೇರು ಸವರಿ, ಎಳೆಯ ಕಾಂಡಕ್ಕೆ ಅಲ್ಯೂಮಿನಿಯಂ ತಂತಿ ಸುತ್ತಿ, ಬಲಕ್ಕೆ ಬಾಗಿಸಿ, ಮತ್ತೆ ಎಡಕ್ಕೆ ತಿರುಗಿಸಿ, ನೂರು ವರ್ಷ ಗಾಳಿಮಳೆ ತಿಂದ ಮುದುಕರ ಹಾಗೆ ಕಾಣುವಂತೆ ಮಾಡಿದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುತ್ತಾರೆ. ತಾವು ಗಿಡವಾಗಿಯೂ ಬಗ್ಗಿದಿರಿ, ಮರವಾಗಿಯೂ ಬಗ್ಗಿದಿರಿ. ಹೂ ಮಾತ್ರ ಬಿಡಲಿಲ್ಲ.

ನಾಲ್ಕು ವರ್ಷ, ಮಾನ್ಯರೇ! ಆ ನಾಲ್ಕು ವರ್ಷವೂ ಬೆಳಿಗ್ಗೆ ಬಾಗಿಲೆತ್ತಿದೊಡನೆ ಮೊದಲ ಕ್ಷೌರ ತಮಗೇ ಆಗುತ್ತಿತ್ತು. ಬಾಚಣಿಗೆ ಅಡ್ಡ ಹಿಡಿದು, ಅದರಾಚೆಗೆ ಇಣುಕಿದ ಚಿಗುರನ್ನೆಲ್ಲ ಕಚಕ್ಕೆಂದು ತೆಗೆದು, ಕಿವಿಯ ಪಕ್ಕ ಎಂದು ನಾನು ಕರೆಯುವ ಜಾಗದಲ್ಲಿ ಇನ್ನಷ್ಟು ಸಣ್ಣದಾಗಿ ಸವರಿ, ಕುಂಚದಿಂದ ಧೂಳೊರೆಸಿ, ಹಿಂಬದಿಗೆ ಕೈಗನ್ನಡಿ ಹಿಡಿದು ತೋರಿಸುವುದೊಂದು ಬಾಕಿ. ಬಿಸಿಲಿಗೆ ತಿರುಗಿಸಿಟ್ಟೆ. ಮಣ್ಣು ಒಣಗಿದ ಮೇಲೆಯೇ ನೀರು ಕೊಟ್ಟೆ. ಮೊಟ್ಟೆಯ ಚಿಪ್ಪು ಪುಡಿಮಾಡಿ ಹಾಕಿದೆ, ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರು ಹಾಕಿದೆ, ಒಮ್ಮೊಮ್ಮೆ ಬೈಗುಳವನ್ನೂ ಹಾಕಿದೆ. ತಾವು ಮುಳ್ಳನ್ನು ಮಾತ್ರ ತಪ್ಪದೆ ದಯಪಾಲಿಸಿದಿರಿ. ಅತ್ತ ತಮ್ಮ ತಾಯಿಯವರು ಬಣ್ಣದ ಡಬ್ಬದಲ್ಲಿ ಕೂದಲು ಕೆದರಿಕೊಂಡು, ಆರೈಕೆಯ ಗಂಧಗಾಳಿಯಿಲ್ಲದೆ, ರಸ್ತೆಗೆಲ್ಲ ರಾಣಿ ಬಣ್ಣ ಚೆಲ್ಲುತ್ತಿದ್ದರು. ಟೈಲರ್ ದಾರವನ್ನು ಸೂಜಿಗೆ ಪೋಣಿಸುತ್ತ ಇತ್ತ ನೋಡಿ ನಗುತ್ತಿದ್ದ. ಆಡಿಕೊಳ್ಳುವವರ ಮುಂದೆ ಎಡವಿ ಬೀಳುವುದೆಂದರೆ ಇದೇ.

ಈಗ ಅಸಲು ವಿಷಯ. ನನ್ನ ಮಗಳು ಒಂದು ವರ್ಷ ಕೇಶಶೃಂಗಾರದ ತರಬೇತಿ ಮುಗಿಸಿ ಬಂದು, ಮತ್ತೆರಡು ವರ್ಷ ಈ ಅಂಗಡಿಯಲ್ಲಿ ಬಿದ್ದ ಕೂದಲು ಗುಡಿಸುತ್ತ, ಟವೆಲು ಮಡಿಸುತ್ತ, ಗಿರಾಕಿಯ ಬೆನ್ನ ಹಿಂದೆ ಕನ್ನಡಿ ಹಿಡಿಯುತ್ತ ಇದ್ದಳು. ಕತ್ತರಿ ಕೇಳಿದಾಗಲೆಲ್ಲ "ಇನ್ನೂ ಕೈ ಕೂತಿಲ್ಲ" ಎನ್ನುತ್ತಿದ್ದೆ. ಕೈ ಕೂರಲು ಕತ್ತರಿ ಹಿಡಿಯಬೇಕೆಂಬುದು ನನಗೂ ಗೊತ್ತಿಲ್ಲದ ಸಂಗತಿಯಲ್ಲ. ಒಂದು ದಿನ ಅವಳು, "ಬಸ್ ನಿಲ್ದಾಣದ ಹತ್ರ ಹೊಸ ಸಲೂನು ತೆರೆದಿದಾರಪ್ಪ. ಮೊದಲ ದಿನಾನೇ ಕುರ್ಚಿ ಕೊಡ್ತಾರಂತೆ. ತಿಂಗಳ ಕೊನೆಗೆ ಹೋಗ್ತೀನಿ" ಎಂದಳು. ನನಗೆ ಎದೆ ಧಸಕ್ಕೆಂದಿತು. ಎದೆ ಧಸಕ್ಕೆಂದಾಗ ದನಿ ಏರಿಸುವುದು ನಮ್ಮ ವಂಶದ ಗುಣ. ಮೂವರು ಗಿರಾಕಿಗಳೂ, ಹೊಲಿಗೆ ಬಿಚ್ಚಲು ಹಳೇ ಬ್ಲೇಡು ಕೇಳಿಕೊಂಡು ಬಂದಿದ್ದ ಟೈಲರೂ ಕೇಳುವಂತೆ, "ಈ ಗಿಡ ಹೂ ಬಿಟ್ಟ ದಿನ ನಿನ್ನ ಕೈಗೆ ಕತ್ತರಿ ಕೊಡ್ತೀನಿ, ಹೋಗು!" ಎಂದುಬಿಟ್ಟೆ. ತಮ್ಮ ಬಂಜೆತನದ ಮೇಲೆ ನಾನಿಟ್ಟ ಭರವಸೆ ಅಷ್ಟು ದೊಡ್ಡದಿತ್ತು.

ಅದಾದ ಮೂರನೇ ದಿನ, ಒದ್ದೆ ನೆಲದ ಮೇಲೆ ಸ್ಟೂಲಿನಿಂದ ಇಳಿಯುವಾಗ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡೆ. ಆರು ವಾರ ಪ್ಲಾಸ್ಟರ್. ಮಗಳು ಹೊಸ ಸಲೂನಿನವರಿಗೆ ಆರು ವಾರ ಕಾಯಿರೆಂದು ಹೇಳಿ, ಯಾರನ್ನೂ ಕೇಳದೆ ನನ್ನ ಏಪ್ರನ್ ತೊಟ್ಟು ಕುರ್ಚಿಯ ಹಿಂದೆ ನಿಂತಳು. ಹಳೇ ಕತ್ತರಿಯನ್ನು ನಾನು ಗಲ್ಲಾಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದೆನಾದ್ದರಿಂದ ತನ್ನ ತರಬೇತಿಯ ಕತ್ತರಿಯಲ್ಲೇ ಕೆಲಸ ನಡೆಸಿದಳು. ನಾನು ಬೆಂಚಿನ ಮೇಲೆ ಕೂತು ಬಿಟ್ಟಿ ಸಲಹೆ ಕೊಟ್ಟೆ. ಒಬ್ಬರೂ ಕೇಳಲಿಲ್ಲ. ಇಪ್ಪತ್ತು ವರ್ಷ ನನ್ನಲ್ಲಿ ಕಿವಿಯ ಮೇಲಿನವರೆಗೆ ಬೋಳಿಸಿಕೊಂಡ ಅಂಚೆಯವನು ಹಣೆಗೆ ಕೂದಲು ಇಳಿಬಿಟ್ಟುಕೊಂಡು ಹೊರಟ, ಅದೂ ಕನ್ನಡಿಯಲ್ಲಿ ತನ್ನನ್ನು ತಾನು ಎರಡು ಸಲ ನೋಡಿಕೊಂಡು.

ನಾನು ಹೀಗೆ ಕೈಕಟ್ಟಿ ಕೂತಿರುವಾಗ ತಾವು ಮಾಡಿದ್ದೇನು? ಒಂದಕ್ಕೆ ಮೂರು ಕೊಂಬೆ ಚಾಚಿ, ಕನ್ನಡಿಯ ಮೂಲೆಯವರೆಗೆ ಹಬ್ಬಿ, ಐದನೇ ವಾರ ಆ ಕೊಂಬೆಗಳ ತುದಿಯಲ್ಲೆಲ್ಲ ರಾಣಿ ಬಣ್ಣ ಸುರಿದುಕೊಂಡು ನಿಂತಿರಿ. ನಾನು ಮಗಳನ್ನು ಹಿಡಿದು ದಬಾಯಿಸಿದೆ: ಗೊಬ್ಬರ ಹಾಕಿದೆಯಾ, ಔಷಧಿ ಹೊಡೆದೆಯಾ, ಟೈಲರ್ ಏನಾದರೂ ಕೊಟ್ಟನಾ? ಅವಳು ಕೈಯಲ್ಲಿದ್ದ ತಲೆಯಿಂದ ಕಣ್ಣೆತ್ತದೆ, "ಏನೂ ಮಾಡಿಲ್ಲಪ್ಪ. ಹೊಸ ಚಿಗುರಿನ ತುದೀಲೇ ಅದು ಹೂ ಬಿಡೋದು. ನೀವು ದಿನಾ ಕತ್ತರಿಸ್ತಿದ್ರಿ, ಈಗ ಕತ್ತರಿಸ್ತಿಲ್ಲ, ಅಷ್ಟೇ" ಎಂದಳು. ಕುರ್ಚಿಯಲ್ಲಿದ್ದವನು ನಕ್ಕ. ಕುಣಿಯಲಾರದೆ ನೆಲ ಡೊಂಕೆಂದವರ ಕಥೆ ಕೇಳಿದ್ದೆ. ನೆಲವನ್ನು ದಿನಾ ತಾನೇ ಅಗೆದು ಡೊಂಕೆಂದವನು ನಾನೊಬ್ಬನೇ ಇರಬೇಕು.

ಆದರೂ ಸುಲಭಕ್ಕೆ ಸೋಲುವವನಲ್ಲವಾದ್ದರಿಂದ ಒಂದು ತಕರಾರು ತೆಗೆದೆ. ತಮ್ಮಲ್ಲಿ ಬಣ್ಣವಾಗಿ ಕಾಣುವುದು ಹೂವಲ್ಲ, ಎಲೆಯೇ ಬಣ್ಣ ತಿರುಗಿದ್ದು ಎಂದು ಅದೇ ಹಳೇ ಪತ್ರಿಕೆಯಲ್ಲಿ ಓದಿದ್ದೆ. ನಾನು ಮಾತು ಕೊಟ್ಟದ್ದು ಹೂವಿಗೆ, ಎಲೆಗಲ್ಲ ಎಂದು ಸಾಕ್ಷಿಗಳ ಮುಂದೆ ವಾದಿಸಿದೆ. ಮಗಳು ಬಾಚಣಿಗೆಯ ತುದಿಯಿಂದ ಒಂದು ಗೊಂಚಲನ್ನು ಮೆಲ್ಲಗೆ ಬಿಡಿಸಿ, ಮೂರು ಬಣ್ಣದೆಲೆಗಳ ನಡುವೆ ಕೂತ ಅಕ್ಕಿಕಾಳಿನಷ್ಟು ಬಿಳಿ ಹೂಗಳನ್ನು ತೋರಿಸಿದಳು. ಒಂದಲ್ಲ, ಮೂರು. ಟೈಲರ್ ತನ್ನ ಕನ್ನಡಕ ಬಿಚ್ಚಿ ನನಗೆ ಕೊಟ್ಟು, ಸರಿಯಾಗಿ ನೋಡಿ ಎಂದ.

ಆದ ಕಾರಣ ತಮ್ಮಲ್ಲಿ ಕೆಲವು ವಿನಂತಿಗಳು. ಬಿಟ್ಟ ಹೂಗಳನ್ನು ಮುಂದಿನ ವರ್ಷದ ಲೆಕ್ಕಕ್ಕೆಂದು ಸದ್ಯ ವಾಪಸು ಪಡೆಯುವುದು. ಅದಾಗದಿದ್ದರೆ, ಇಷ್ಟು ವರ್ಷ ನಾನು ಕತ್ತರಿಸಿದ್ದರಿಂದಲೇ ಈ ವರ್ಷ ಹೂ ಬಂತೆಂದು ಒಂದು ಪ್ರಮಾಣಪತ್ರ ಕೊಡುವುದು. ಅದೂ ಆಗದಿದ್ದರೆ ಅಂಗಡಿಗೆ ರಜೆಯಿರುವ ದಿನ ಮಾತ್ರ, ಬೂದು ಬಣ್ಣದಲ್ಲಿ, ಸದ್ದಿಲ್ಲದೆ ಅರಳುವುದು. ಇನ್ನು ಮುಂದೆ ಚಿಗುರುವ ಮುನ್ನ ನನ್ನಲ್ಲಿ ಲಿಖಿತ ಅರ್ಜಿ ಸಲ್ಲಿಸಿದರೆ ಹದಿನೈದು ದಿನದೊಳಗೆ ತಿರಸ್ಕರಿಸಿ ಉತ್ತರ ಕೊಡುತ್ತೇನೆ.

ಕಳೆದ ಸೋಮವಾರ ಪ್ಲಾಸ್ಟರ್ ಬಿಚ್ಚಿದರು. ಅಂಗಡಿಗೆ ಬಂದು ಗಲ್ಲಾಪೆಟ್ಟಿಗೆಯ ಬೀಗ ತೆಗೆದೆ. ಬೆರಳಿಗೆ ಬಲವಿರಲಿಲ್ಲ, ಆದರೂ ಕತ್ತರಿ ತಮ್ಮತ್ತಲೇ ಹೊರಟಿತು. ಕನ್ನಡಿಗೆ ಅಡ್ಡ ಬಂದ ಆ ಉದ್ದನೆಯ ಕೊಂಬೆಯ ಬುಡಕ್ಕೆ ಹೋಗಿ ನಿಂತಿತು. ಮಗಳು ತನ್ನ ಚೀಲ ಕಟ್ಟಿ ಬಾಗಿಲ ಬಳಿ ಇಟ್ಟಿದ್ದಳು. ಆರು ವಾರ ಮುಗಿದಿತ್ತಲ್ಲ. ಅವಳು ತಡೆಯಲಿಲ್ಲ, ಕನ್ನಡಿಯಲ್ಲಿ ನನ್ನನ್ನು ನೋಡುತ್ತ ನಿಂತಳು. ಅವಳು ಹೋದರೆ ಅಂಗಡಿ ಮುಳುಗುತ್ತದೆಂಬ ಚಿಂತೆಯಲ್ಲ, ಮಾನ್ಯರೇ. ಅವಳಿಲ್ಲದ ಅಂಗಡಿಯಲ್ಲಿ ದಿನವಿಡೀ ಈ ಕನ್ನಡಿಯೆದುರು ನಿಲ್ಲಲು ನನಗೆ ಹೆದರಿಕೆಯಾಯಿತು. ಕತ್ತರಿಯನ್ನು ತಿರುಗಿಸಿ, ಹಿಡಿಯನ್ನು ಅವಳ ಕಡೆ ಮಾಡಿ ಚಾಚಿದೆ. ಅವಳು ತೆಗೆದುಕೊಂಡಳು. ಹೋಗಿ ಕುರ್ಚಿಯಲ್ಲಿ ಕೂತೆ. ಅವಳು ನನ್ನ ಕೊರಳಿಗೆ ಬಟ್ಟೆ ಸುತ್ತಿ, "ಎಷ್ಟು ಬಿಡ್ಲಿ?" ಎಂದು ಕೇಳಿದಳು. ಮೂವತ್ತೊಂದು ವರ್ಷದಲ್ಲಿ ನಾನು ಗಿರಾಕಿಗಳನ್ನು "ಎಷ್ಟು ತೆಗೀಲಿ?" ಎಂದಷ್ಟೇ ಕೇಳಿದ್ದೆ. ನಿನಗೆ ಸರಿ ಕಂಡಷ್ಟು ಎಂದೆ. ಚೀಲ ಈಗ ಮೊಳೆಗೆ ತೂಗುಹಾಕಿದೆ.

ತಮ್ಮ ಮುಂದಿನ ಎಲ್ಲ ಚಿಗುರುಗಳಿಗೂ ದೂರದಿಂದಲೇ ಶುಭ ಕೋರುತ್ತ, ಕೂದಲು ಗುಡಿಸುವ ಹೊಸ ಹುದ್ದೆಯಲ್ಲಿ ನಿರತನಾಗಿರುವ,

ತಮ್ಮ ವಿಶ್ವಾಸಿ,
ಮಾಜಿ ಕತ್ತರಿ

ವಿ.ಸೂ.: ಕತ್ತರಿ ಹೋದರೂ ಚಿಗುರು ಚಿವುಟಲು ಹೆಬ್ಬೆರಳಿನ ಉಗುರಾದರೂ ಉಳಿದಿದೆ, ಒಂದು ದಿನ ಬೆಳಿಗ್ಗೆ ಮಗಳು ಬರುವ ಮುಂಚೆ ತಮ್ಮನ್ನು ಒಂದು ಕೈ ನೋಡಿಕೊಳ್ಳುತ್ತೇನೆ ಎಂದುಕೊಂಡಿದ್ದೆ. ನಿನ್ನೆ ಸಂಜೆ ಅವಳು ನನ್ನ ಬಲಗೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು, ಪ್ಲಾಸ್ಟರಿನ ಕಾಲದಲ್ಲಿ ಬೆಳೆದುಕೊಂಡಿದ್ದ ಉಗುರುಗಳನ್ನೆಲ್ಲ ಬುಡದವರೆಗೆ ಕತ್ತರಿಸಿದಳು. ಎಷ್ಟು ಬಿಡಲಿ ಎಂದು ಆಗ ಮಾತ್ರ ಕೇಳಲಿಲ್ಲ.