ಸೈಕಲ್ಲಿಗೆ ಕೋಡು

ಆವತ್ತು ಹಿಟ್ಟಿಗೆ ಜಿಗಿ ಇರಲಿಲ್ಲ. ಎಲ್ಲ ರಾದ್ಧಾಂತಕ್ಕೂ ಅದೇ ಮೂಲ.

ಹಳೇ ಜೋಳದ ಹಿಟ್ಟು. ಬಡಿದರೆ ಅಂಚು ಬಿರಿಯುತ್ತದೆ, ಎತ್ತಿದರೆ ಹರಿಯುತ್ತದೆ. ಕಾಶಿನಾಥ ಹಲ್ಲು ಕಚ್ಚಿ ಬಡಿದೇ ಬಡಿದ. ರೊಟ್ಟಿಗಳೇನೋ ಬುಟ್ಟಿ ಸೇರಿದವು, ಆದರೆ ಎರಡೂ ಅಂಗೈ ಕೆಂಪಗಾಗಿ ಧಗಧಗ ಉರಿಯತೊಡಗಿದವು.

ಕಲ್ಲೋಳಿಯ ಈ ಕಾಶಿನಾಥ ಮೂಡಲಗಿಯ ಸೊಸೈಟಿಯೊಂದರಲ್ಲಿ ಗುಮಾಸ್ತ. ಹೆಂಡತಿ ಶೋಭಾ ಗೋಕಾಕದ ದವಾಖಾನೆಯೊಂದರಲ್ಲಿ ನರ್ಸು; ನಸುಕಿನ ಮೊದಲ ಬಸ್ಸಿಗೇ ಹೊರಡಬೇಕು. ಹೀಗಾಗಿ ಮಳೆಗಾಲದಿಂದ ಈಚೆಗೆ ಮನೆಯ ರೊಟ್ಟಿ ಇವನ ಪಾಲಿಗೆ ಬಂದಿತ್ತು. ಬಡಿಯುವುದಕ್ಕೆ ಬೇಸರವಿರಲಿಲ್ಲ. ಊರಿಗೆ ಗೊತ್ತಾದರೆ ಹೆಂಗೆ ಎಂಬ ಹೆದರಿಕೆ ಮಾತ್ರ ಜೀವ ತಿನ್ನುತ್ತಿತ್ತು. ಯಾಕೆಂದರೆ, ಹಿಂದೊಮ್ಮೆ ಓಣಿಯ ಕಟ್ಟೆಯ ಮೇಲೆ ಕೂತು, "ರೊಟ್ಟಿ ಬಡಿಯೋ ಗಂಡಸಿನ ಮೀಸಿ ವಯಸ್ಸಿಗೆ ಬೆಳ್ಳಗಾಗಂಗಿಲ್ಲೋ, ಹಿಟ್ಟಿಗೆ ಬೆಳ್ಳಗಾಗ್ತೈತಿ!" ಎಂದು ಎಲ್ಲರನ್ನೂ ನಗಿಸಿದವನು ಇದೇ ಮಹರಾಯ. ಈಗ ದಿನಾ ಬಾಗಿಲಿಗೆ ಅಗಳಿ ಜಡಿದು, ಮೊಬೈಲಿನಲ್ಲಿ ಭಜನೆ ಪದ ಜೋರಾಗಿ ಹಚ್ಚಿ, ಕಳ್ಳನ ಹಾಗೆ ರೊಟ್ಟಿ ಬಡಿಯುತ್ತಿದ್ದ.

ಆ ಮುಂಜಾನೆ ಹೊತ್ತಾಗಿತ್ತು. ಕನ್ನಡಿಯನ್ನೂ ನೋಡದೆ ಅಂಗಿ ತೊಟ್ಟು ಸೈಕಲ್ ಹೊರಗೆ ತಂದನೋ ಇಲ್ಲವೋ, ಬಾಜೂ ಮನೆಯ ಶಿವಗಂಗವ್ವ ಎದುರಾದಳು. ಓಣಿಯ ಸುದ್ದಿಯೆಲ್ಲ ಅವಳ ಕಟ್ಟೆ ದಾಟಿಯೇ ಮುಂದೆ ಹೋಗಬೇಕು.

"ಕಾಶಿನಾಥಾ, ನಾಳೆ ಮಠದಾಗ ಪುರಾಣ ಮುಗೀತೈತಿ. ದಾಸೋಹಕ್ಕ ಮನಿಗೊಂದು ಬುಟ್ಟಿ ರೊಟ್ಟಿ ಅಂತ ಮಾತಾಗೇತಿ. ನಿಮ್ಮನಿದು ಹೆಂಗ?"

"ಶೋಭಾನ್ನ ಕೇಳಿ ಹೇಳ್ತೀನ್ರಿ ಕಾಕೂ. ರೊಟ್ಟಿ ವಿಚಾರ ನನಗೇನ ತಿಳೀತೈತಿ?"

ಶಿವಗಂಗವ್ವ ಅವನ ಮುಖವನ್ನೊಮ್ಮೆ ನೋಡಿದಳು. ಆಮೇಲೆ ಕೈ ನೋಡಿದಳು. "ಅಂಗೈ ಯಾಕೋ ಅಷ್ಟು ಕೆಂಪಗಾಗ್ಯಾವ?"

ಸುಮ್ಮನೆ ಇದ್ದಿದ್ದರೆ ಆಗುತ್ತಿತ್ತು. ಆದರೆ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಳ್ಳದೆ ಇರುತ್ತಾನೆಯೇ?

"ಸೈಕಲ್ ಹ್ಯಾಂಡಲ್ರಿ ಕಾಕೂ, ಬರೇ ಹ್ಯಾಂಡಲ್! ಗ್ರಿಪ್ ಸವದು ಕಲ್ಲಾಗ್ಯಾವ. ಮೂಡಲಗಿಗೆ ಹೋಗಿ ಬರೋದ್ರಾಗ ಕೈ ಹಿಂಗ ಆಗ್ತಾವ ನೋಡ್ರಿ."

ಎದುರಿಗೆ ತನ್ನ ಟಗರಿನ ಮೈ ತಿಕ್ಕುತ್ತಿದ್ದ ಕೆಂಚಪ್ಪ ಕೈ ನಿಲ್ಲಿಸಿ, "ಹ್ಯಾಂಡಲ್ಲಿಂದನ?" ಎಂದ. ಆಚೆ ಮನೆಯ ಗುರುಪಾದ ಸಾಹೇಬರು ಮೋಟರ್ ಸೈಕಲ್ ಚಾಲೂ ಮಾಡುತ್ತಿದ್ದವರು ಬಂದ್ ಮಾಡಿದರು. ಕಾಶಿನಾಥನ ಸೊಸೈಟಿಗೆ ಅವರೇ ಮ್ಯಾನೇಜರು.

"ಅಯ್ಯ ಪಾಪ! ಇವತ್ತ ಅದರದೊಂದು ಬಂದೋಬಸ್ತ ಮಾಡೂಣು ಬಿಡು," ಎಂದರು.

"ಬ್ಯಾಡ್ರಿ ಸಾಹೇಬ್ರ, ಹೆಂಗೋ ನಡೀತೈತ್ರಿ..."

"ಹೆಂಗೋ ಹೆಂಗ ನಡೀತೈತಿ? ನಿನ್ನ ಕೈ ಹೋದ್ರ ಆಫೀಸಿನ್ಯಾಗ ಬರ್ಯಾವ್ರು ಯಾರು?"

ಮಧ್ಯಾಹ್ನ ಊಟ ಮುಗಿಯುವುದೇ ತಡ, ಸಾಹೇಬರು ಅವನನ್ನು ಮಹಾಂತೇಶನ ಸೈಕಲ್ ಅಂಗಡಿಗೆ ಎಳೆದೊಯ್ದರು. ಮಹಾಂತೇಶ ಡಬ್ಬಿಗಳನ್ನೆಲ್ಲ ಗಲ್ಲೆಯ ಮೇಜಿನ ಮೇಲೆ ಸುರುವಿದ. ರಬ್ಬರಿನವು, ಫೋಮಿನವು, ಒಳಗೆ ಜೆಲ್ ತುಂಬಿದವು, ಅಂಗೈ ಊರುವ ಕಡೆ ಅಗಲವಾದವು. ಕಾಶಿನಾಥನ ತಲೆ ಗಿರ್ರೆಂದಿತು.

"ನೋವು ಎಲ್ಲೈತ್ರಿ ಅಣ್ಣಾರ? ಹೆಬ್ಬಟ್ಟಿನ ಬುಡಕೋ, ಕಿರಿಬಟ್ಟಿನ ಬಾಜೂಕೋ?"

"ಎಲ್ಲಾ ಕಡೆ."

ಮಹಾಂತೇಶ ಅಂಗೈ ತಿರುವಿ ನೋಡಿದ. "ಇದೇನ್ರಿ, ಹ್ಯಾಂಡಲ್ ಹಿಡಿದ್ರ ಪಟ್ಟಿ ಬೀಳ್ತೈತಿ. ನಿಮ್ಮದು ತಾಟಿನಂಗ ಗುಂಡಗ ಕೆಂಪಾಗೇತಲ್ಲ!"

ಗುರುಪಾದರಿಗೆ ಅದೇ ಹೊತ್ತಿಗೆ ಕೆಮ್ಮು ಬಂತು. ಅವರು ಬಾಯಿಗೆ ಕರವಸ್ತ್ರ ಒತ್ತಿಕೊಂಡು ರಸ್ತೆಯ ಕಡೆ ತಿರುಗಿ ನಿಂತರು.

"ನಾ ಹಿಡಿಯೋದ ಹಂಗ!" ಎಂದು ಕಾಶಿನಾಥ ಸಿಡುಕಿದ. ಸಿಡುಕಿ, ಒಂದೊಂದೇ ಗ್ರಿಪ್ಪನ್ನು ಪರೀಕ್ಷಿಸತೊಡಗಿದ. ಫೋಮಿನದು ಮೆತ್ತಗಿತ್ತು, ಆದರೆ ಬೆವರು ಕುಡಿದು ವಾಸನೆ ಬರುತ್ತದಂತೆ. ಸಪೂರದ್ದು ಹಿಡಿದರೆ ಬೆರಳು ಅಂಗೈಗೆ ತಾಗುತ್ತಿದ್ದವು. ಅಂಥದ್ದಕ್ಕೆ ಜಾಸ್ತಿ ಬಿಗಿ ಹಿಡಿಯಬೇಕಾಗಿ ಕೈ ಸೋಲುತ್ತದೆಂದು ಮಹಾಂತೇಶ ಹೇಳಿದ. ಕಡೆಗೆ ಅಗಲದ ಜೆಲ್ಲಿನದು ಕೈಗೆ ಬಂತು. ಅದರ ಮೆತ್ತನೆಯ ಸ್ಪರ್ಶಕ್ಕೆ ಕಾಶಿನಾಥ ಮೈಮರೆತ. ಮರೆತವನು ಅದನ್ನು ಗಲ್ಲೆಯ ಮೇಲಿಟ್ಟು ಪಟಪಟ ಬಡಿದ, ತುಸು ತಿರುಗಿಸಿದ, ಮತ್ತೆ ಬಡಿದ.

"ತಿರುಗಿಸಿ ತಿರುಗಿಸಿ ಯಾಕ ಬಡೀತೀಯೋ?" ಎಂದರು ಸಾಹೇಬರು.

"ಗಟ್ಟಿ ಐತೋ ಇಲ್ಲೋ ನೋಡಾಕತ್ತಿದ್ನಿರಿ!"

ಮಹಾಂತೇಶ ಅವನ ಮೀಸೆಯನ್ನೇ ದಿಟ್ಟಿಸುತ್ತಿದ್ದ. ಮೀಸೆ ಮೆಚ್ಚಿದನೆಂದು ತಿಳಿದು ಕಾಶಿನಾಥ ಎದೆ ಸೆಟೆಸಿದ.

ಅಷ್ಟಕ್ಕೇ ಮುಗಿದಿದ್ದರೆ ಪುಣ್ಯ. ಮಹಾಂತೇಶ ಒಂದು ಜೋಡಿ ಗಿಡ್ಡ ಕೊಳವೆ ತೆಗೆದ. ಹ್ಯಾಂಡಲ್ಲಿನ ಎರಡೂ ತುದಿಗೆ ಬಿಗಿದರೆ ಅವು ಮುಂದಕ್ಕೆ ಚಾಚಿಕೊಂಡು ನಿಲ್ಲುತ್ತವೆ. "ಬಾರ್ ಎಂಡ್ ಅಂತಾರ್ರಿ. ಒಂದ ಕಡೆ ಹಿಡಿದು ಹಿಡಿದು ಕೈ ಜೋಮು ಹತ್ತಿದ್ರ ಇವನ್ನ ಹಿಡೀಬೇಕು. ಕೈಗೆ ಆರಾಮ ಸಿಗತೈತಿ."

"ಕೋಡು ಇದ್ದಂಗ ಅದಾವಲ್ಲೋ! ಹಾಕು, ಹಾಕು," ಎಂದರು ಗುರುಪಾದ.

ಬೇಡವೆಂದರೆ ನೋವು ಸುಳ್ಳಾಗುತ್ತದೆ. ಹಬ್ಬಕ್ಕೆಂದು ಎತ್ತಿಟ್ಟಿದ್ದ ಹೊಸ ಅಂಗಿಯ ರೊಕ್ಕ ಗ್ರಿಪ್ಪಿಗೂ ಕೋಡಿಗೂ ಹೋಯಿತು. ಇರಲಾರದೆ ಇರುವೆ ಬಿಟ್ಟುಕೊಳ್ಳುವುದೆಂದರೆ ಇದೇ.

ಸಂಜೆ ಕಾಶಿನಾಥ ಕೋಡು ಹಿಡಿದೇ ಊರಿಗೆ ಬಂದ. ಖರೆ ಹೇಳಬೇಕೆಂದರೆ ಕೈಗೆ ಹಾಯೆನಿಸಿತ್ತು. ಹಿಂದೆ ಗುರುಪಾದ ಸಾಹೇಬರ ಮೋಟರ್ ಸೈಕಲ್ ದಿಬ್ಬಣದ ಗಾಡಿಯ ಹಾಗೆ ನಿಧಾನ ಬರುತ್ತಿತ್ತು. ಅಷ್ಟು ನಿಧಾನ ಯಾಕೆಂದು ಇವನಿಗೆ ಹೊಳೆಯಲಿಲ್ಲ.

ಓಣಿಯ ತಿರುವಿನಲ್ಲಿ ಕೆಂಚಪ್ಪನ ಟಗರು ನಿಂತಿತ್ತು. ಪೈಲ್ವಾನ ಅಂತ ಅದರ ಹೆಸರು. ತನ್ನ ಓಣಿಯೊಳಗೆ, ತನ್ನೆದುರಿಗೆ, ಕೋಡು ಮುಂದೆ ಮಾಡಿಕೊಂಡು ಒಂದು ಪ್ರಾಣಿ ಬರುತ್ತಿದೆ! ಪೈಲ್ವಾನ ನಾಲ್ಕು ಹೆಜ್ಜೆ ಹಿಂದೆ ಸರಿದು ತಲೆ ತಗ್ಗಿಸಿತು.

"ಕೆಂಚಪ್ಪ ಮಾಮಾ, ಹಿಡೀರಿ ಅದನ್ನ!" ಎಂದು ಕಾಶಿನಾಥ ಬ್ರೇಕು ಒತ್ತಿದ. ಕೋಡಿನ ಮೇಲೆ ಎಲ್ಲಿಯ ಬ್ರೇಕು? ಬ್ರೇಕು ಇದ್ದದ್ದು ಹಳೇ ಜಾಗದಲ್ಲೇ. ಕೈ ಅಲ್ಲಿಗೆ ಹೋಗುವುದರೊಳಗೆ ಪೈಲ್ವಾನ ಬಂದು ಢಣ್ಣೆಂದು ಗುದ್ದಿತು. ಸೈಕಲ್ ಒಂದು ಕಡೆ ಹಾರಿತು, ಕಾಶಿನಾಥ ಇನ್ನೊಂದು ಕಡೆ ಹಾರಿ ಕೆಂಚಪ್ಪನ ಮೇವಿನ ಕಣಿಕೆಯ ರಾಶಿಯೊಳಗೆ ಸೊಂಟದತನಕ ಹೂತುಹೋದ.

ಓಣಿಗೆ ಓಣಿಯೇ ನೆರೆಯಿತು. ಎಳೆದು ತೆಗೆದರು. ಮೈಗೆ ಪೆಟ್ಟಾಗಿರಲಿಲ್ಲ, ಒಂದು ಕೋಡು ಮಾತ್ರ ಸೊಟ್ಟಾಗಿತ್ತು. ಶುರುವಾಯಿತು ನೋಡಿ ಸಲಹೆಗಳ ಸುರಿಮಳೆ.

"ಕೋಡಿಗೆ ಕಂಬಳಿ ತುಂಡು ಸುತ್ತು, ಟಗರು ಸುಮ್ಮನಿರತೈತಿ," ಎಂದ ಕೆಂಚಪ್ಪ.

"ನಾಳೆ ಗೋಕಾಕಕ್ಕ ಹೋಗಿ ಇನ್ನೂ ಚಲೋ ಗ್ರಿಪ್ ತರೂಣು," ಎಂದರು ಗುರುಪಾದ.

"ಹುಕ್ಕೇರ್‍ಯಾಗ ಕೈ ನೋಡೋ ಡಾಕ್ಟ್ರು ಒಬ್ಬಾಂವ ಅದಾನಂತ. ಕೆಂಪು ಯಾತರದ್ದಂತ ಅವಂಗ ತೋರಸೂಣು," ಎಂದಳು ಶಿವಗಂಗವ್ವ.

ಡಾಕ್ಟರು! ಡಾಕ್ಟರು ನೋಡಿದರೆ ಗುಟ್ಟು ಉಳಿಯುತ್ತದೆಯೇ? ಕಾಶಿನಾಥ ಕಣಿಕೆ ಕೊಡವಿಕೊಂಡು ಎರಡೂ ಕೈ ಎತ್ತಿ, ಸಭೆಗೆ ಭಾಷಣ ಮಾಡುವವನಂತೆ ಕೂಗಿದ:

"ಏನೂ ಬ್ಯಾಡ್ರಿ! ಗ್ರಿಪ್ ಹಾಕಿದ್ದ ತಡ, ನೋವೆಲ್ಲಾ ಹೋಗೇತಿ. ಅಂಗೈ ಹೂವಿನಂಗ ಆಗ್ಯಾವ. ಇನ್ನ ನನ್ನ ಕೈಯಿಂದ ಏನ್ ಕೆಲಸಾ ಬೇಕಾದ್ರೂ ಆಗತೈತಿ!"



"ಖರೇನ?" ಎಂದಳು ಶಿವಗಂಗವ್ವ.

"ಖರೆ ಅಂದ್ರ ಖರೇರಿ ಕಾಕೂ!"

"ಬಸವಣ್ಣ ದೊಡ್ಡಾಂವ. ಪಾಪ, ಕೈ ನೋವು ಅಂತಾನ, ಇವಂಗ ಹೆಂಗ ಹೇಳೂದು ಅಂತ ಮುಂಜಾನಿಯಿಂದ ಚಿಂತಿ ಹತ್ತಿತ್ತು ನನಗ. ಹಂಗಾದ್ರ ನಾಳೆ ಮಠಕ್ಕ ಎರಡು ಬುಟ್ಟಿ ರೊಟ್ಟಿ ಬಡದ ಕೊಡು."

"ನಾನ? ರೊಟ್ಟಿ? ಶೋಭಾ ಬಡೀತಾಳಲ್ರಿ..."

"ಶೋಭಾ ನಸಿಕಿನ್ಯಾಗ ಬಸ್ ಹತ್ತತಾಳ. ಆಕಿ ಹೋದಮ್ಯಾಗ ಪಟಪಟ ಸಪ್ಪಳ ಶುರು ಆಗತೈತಿ. ನಿಮ್ಮನ್ಯಾಗ ದೆವ್ವ ರೊಟ್ಟಿ ಬಡೀತೈತೇನೋ?"

"ಮೊದಮೊದಲ ಭಜನಿಗೆ ತಾಳ ಹಾಕ್ತಾನ ಅನಕೊಂಡಿದ್ನಿ," ಎಂದ ಕೆಂಚಪ್ಪ. "ಆಮ್ಯಾಲ ಸುಟ್ಟ ವಾಸನಿ ಬಂತು."

ಓಣಿ ಗೊಳ್ಳೆಂದಿತು. ಕಾಶಿನಾಥ ಅಳುವ ದನಿಯಲ್ಲಿ ಗುರುಪಾದರ ಕಡೆ ತಿರುಗಿದ. "ಸಾಹೇಬ್ರ, ಎಲ್ಲಾ ಗೊತ್ತಿದ್ದೂ ನನಗ ಕೋಡು ಯಾಕ ಹಚ್ಚಿಸಿದ್ರಿ?"

"ನೀ ಎಲ್ಲಿತನಕ ಹೋಗ್ತಿ ನೋಡೂಣು ಅಂತಪಾ," ಎಂದು ಸಾಹೇಬರು ಕಣ್ಣೊರೆಸಿಕೊಂಡರು. "ನಾಚಿಕಿ ಯಾಕ? ನಿನ್ನ ಡಬ್ಬ್ಯಾಗಿನ ರೊಟ್ಟಿ ದಿನಾ ನೋಡ್ತೀನಿ, ನಮ್ಮ ಮನ್ಯಾಗ ನೀ ಬಡದಷ್ಟು ತೆಳ್ಳಗ ಯಾರಿಗೂ ಬರಂಗಿಲ್ಲ."

ಬಸ್ಸಿಳಿದು ಬಂದು ಹಿಂದೆಯೇ ನಿಂತು ಎಲ್ಲ ಕೇಳಿದ್ದ ಶೋಭಾ ಗುಂಪು ಸರಿಸಿಕೊಂಡು ಮುಂದೆ ಬಂದಳು. ಗಂಡನನ್ನು ನೋಡಿದಳು, ಸೊಟ್ಟ ಕೋಡು ನೋಡಿದಳು, ಗ್ರಿಪ್ ಒತ್ತಿ ನೋಡಿದಳು.

"ಅಯ್ಯ, ಎಷ್ಟು ಮೆತ್ತಗ ಅದಾವ್ರಿ! ನಾಳೆಯಿಂದ ಬಸ್ ಸ್ಟ್ಯಾಂಡಿನತನಕ ಸೈಕಲ್ ನಾನ ಒಯ್ತೀನಿ. ಎರಡು ಬುಟ್ಟಿ ಅಂದ್ರ ನಿಮಗ ಹೆಂಗೂ ಹೊರಗ ಹೋಗಾಕ ಹೊತ್ತು ಸಿಗಂಗಿಲ್ಲ."

ಆಮೇಲೆ ಅವನ ಮುಖದ ಹತ್ತಿರ ಬಗ್ಗಿ, ಸೆರಗಿನ ತುದಿಯಿಂದ ಮೀಸೆಯ ಎಡಗಡೆ ಕೆರೆಕೆರೆದು ಒರೆಸಿದಳು. ಒಣಗಿ ಅಂಟಿದ್ದ ಜೋಳದ ಹಿಟ್ಟು ಪುಡಿಪುಡಿಯಾಗಿ ಉದುರಿತು.

"ಮುಂಜಾನಿಯಿಂದ ಊರು ತುಂಬ ಹಿಂಗ ಅಡ್ಡಾಡಿರೇನ್ರಿ?"