ಶೆಡ್ಡಿನಲ್ಲಿ ನಾಲ್ಕು ಸಾವಿರ ಅಡಿ

ನನ್ನ ಚಿಕ್ಕಪ್ಪನ ವಿಮಾನವು ವಿಮಾನ ನಿಲ್ದಾಣದ ಮೂರನೆಯ ಶೆಡ್ಡಿನಲ್ಲಿ, ಚಕ್ರಗಳಿಗೆ ಮರದ ತುಂಡು ಅಡ್ಡ ಕೊಟ್ಟು ನಿಲ್ಲಿಸಿದ ಸ್ಥಿತಿಯಲ್ಲಿ, ನೆಲದಿಂದ ನಾಲ್ಕು ಸಾವಿರ ಅಡಿ ಎತ್ತರದಲ್ಲಿ ಹಾರುತ್ತಿದೆಯೆಂದು ಸಂಬಂಧಪಟ್ಟ ಕಚೇರಿ ಅಧಿಕೃತವಾಗಿ ದೃಢಪಡಿಸಿತು. ಈ ಬಗ್ಗೆ ಸಾರ್ವಜನಿಕರು ಗಾಬರಿಪಡಬೇಕಾದ ಕಾರಣವಿಲ್ಲವೆಂದೂ ತಿಳಿಸಿತು. ಸಾರ್ವಜನಿಕರು ಗಾಬರಿಪಡಲಿಲ್ಲ. ಗಾಬರಿಯಾದದ್ದು ಚಿಕ್ಕಮ್ಮನೊಬ್ಬರಿಗೇ. ಏಕೆಂದರೆ ಚಿಕ್ಕಪ್ಪ ಅದರೊಳಗಿದ್ದರು.

ಚಿಕ್ಕಪ್ಪ ಹಲ್ಲಿನ ಡಾಕ್ಟರು. ವಾರವಿಡೀ ಊರಿನವರ ಬಾಯೊಳಗೆ ನೋಡಿ ಬೇಸತ್ತು, ಭಾನುವಾರವಾದರೂ ಬೇರೇನಾದರೂ ನೋಡೋಣವೆಂದು ಹಳೆಯದೊಂದು ನಾಲ್ಕು ಸೀಟಿನ ವಿಮಾನ ಕೊಂಡಿದ್ದರು. "ಹಾರಿ, ಎಲ್ಲಿಗಾದ್ರೂ ಹಾರಿ. ರಾತ್ರಿ ಊಟಕ್ಕೆ ಮಾತ್ರ ನನ್ನೆದುರು ಕೂತಿರ್ಬೇಕು," ಎಂಬ ಒಂದೇ ಷರತ್ತಿನ ಮೇಲೆ ಚಿಕ್ಕಮ್ಮ ಒಪ್ಪಿದ್ದರು.

ವಿಮಾನದ ಮುಂಭಾಗದಲ್ಲಿ ಗೋಡೆ ಗಡಿಯಾರದಂಥ ದುಂಡು ಮೀಟರುಗಳಿದ್ದವು. ಎತ್ತರ ತೋರಿಸುವ ಮುಳ್ಳು ಆಗಾಗ ಸಿಕ್ಕಿಕೊಳ್ಳುತ್ತಿತ್ತು. ಹುಳುಕು ಹಲ್ಲನ್ನು ತಟ್ಟುವ ಹಾಗೆ ಚಿಕ್ಕಪ್ಪ ಬೆರಳಿನಿಂದ ಎರಡು ಸಲ ತಟ್ಟಿದರೆ ನಾಚಿಕೊಂಡು ಸರಿಯಾದ ಜಾಗಕ್ಕೆ ಬರುತ್ತಿತ್ತು. ಹೀಗೆ ಅವರಿಬ್ಬರ ಸಂಸಾರ ಸುಖವಾಗಿ ಸಾಗಿತ್ತು. ಅಷ್ಟರಲ್ಲಿ ಪ್ರಕಟಣೆ ಬಂತು.

"ಖಾಸಗಿ ವಿಮಾನಗಳ ಮಾಲೀಕರ ಗಮನಕ್ಕೆ. ಇನ್ನು ಮುಂದೆ ಪ್ರತಿಯೊಂದು ವಿಮಾನವೂ ತಾನು ಎಲ್ಲಿದ್ದೇನೆಂಬುದನ್ನು ತಾನೇ ಕಚೇರಿಗೆ ತಿಳಿಸತಕ್ಕದ್ದು. ಮಾಲೀಕರು ತಿಳಿಸಿದರೆ ಸಾಲದು. ಹಾಗೆ ತಿಳಿಸುವ ಪೆಟ್ಟಿಗೆಯನ್ನು ಅಳವಡಿಸಿಕೊಳ್ಳದ ವಿಮಾನವನ್ನು ಎಲ್ಲಿಯೂ ಇಲ್ಲವೆಂದು ಪರಿಗಣಿಸಲಾಗುವುದು. ಎಲ್ಲಿಯೂ ಇಲ್ಲದೆ ಶೆಡ್ಡಿನ ಜಾಗ ಹಿಡಿದುಕೊಂಡಿರುವುದಕ್ಕಾಗಿ ದಂಡ ವಿಧಿಸಲಾಗುವುದು."

ಆ ಪೆಟ್ಟಿಗೆ ಮಾರುವ ಅಂಗಡಿ ಊರಿನಲ್ಲಿ ಒಂದೇ ಇತ್ತು. ಅಂಗಡಿಯವನು ನಿಲ್ದಾಣದ ಮುಖ್ಯ ಅಧಿಕಾರಿಗಳ ಭಾಮೈದ. ಇದರಲ್ಲಿ ಮುಚ್ಚುಮರೆ ಏನೂ ಇರಲಿಲ್ಲ. ಬೋರ್ಡಿನ ಮೇಲೇ ಬರೆಸಿದ್ದ.

"ಪೆಟ್ಟಿಗೆ ಕೊಡ್ತೀನಿ ಡಾಕ್ಟ್ರೇ," ಎಂದ. "ಆದ್ರೆ ಅದು ನಿಮ್ಮ ಹಳೇ ರೇಡಿಯೋ ಜೊತೆ ಮಾತಾಡಲ್ಲ."

"ಯಾಕಂತೆ? ಜಗಳವಾ?" ಎಂದರು ಚಿಕ್ಕಮ್ಮ.

"ವಯಸ್ಸಿನ ಅಂತರ ಅಮ್ಮ. ಹೊಸ ರೇಡಿಯೋನೇ ಹಾಕ್ಬೇಕು."

ಹೊಸ ರೇಡಿಯೋ ಬಂತು. ಅದಕ್ಕೆ ಹಳೆಯ ತಂತಿ ಒಗ್ಗಲಿಲ್ಲ. ಹೊಸ ತಂತಿ ಬಂದ ಮೇಲೆ, ಇಷ್ಟು ಒಳ್ಳೆಯ ತಂತಿಯನ್ನು ಆ ದುಂಡು ಮೀಟರುಗಳಿಗೆ ಜೋಡಿಸುವುದು ತಂತಿಗೇ ಅವಮಾನವೆಂದು ತಿಳಿದುಬಂತು. ಮೀಟರುಗಳನ್ನು ಕಿತ್ತು ದೊಡ್ಡ ಪರದೆ ಕೂರಿಸಿದರು. ಪರದೆ ಬಿಸಿಯಾಗುತ್ತಿತ್ತು, ಅದಕ್ಕೊಂದು ಪುಟ್ಟ ಫ್ಯಾನು. ಫ್ಯಾನು ತಿರುಗುತ್ತಿದೆಯೋ ಇಲ್ಲವೋ ನೋಡಿಕೊಳ್ಳಲು ಪರದೆಯ ಪಕ್ಕ ಇನ್ನೊಂದು ಪರದೆ.

"ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲಪ್ಪ," ಎಂದರು ಚಿಕ್ಕಮ್ಮ.

"ಮೂಗು ಎಲ್ಲರಿಗೂ ಇರತ್ತೆ ಅಮ್ಮ," ಎಂದ ಅಂಗಡಿಯವನು.

ಎಲ್ಲ ಕೂರಿಸಿಯಾದ ಮೇಲೆ ಚಿಕ್ಕಪ್ಪ ಒಳಗೆ ಹತ್ತಿ ಸ್ವಿಚ್ ಒತ್ತಿದರು. ನಾನೂ ಚಿಕ್ಕಮ್ಮನೂ ರೆಕ್ಕೆಯ ಪಕ್ಕ ನಿಂತಿದ್ದೆವು. ಪರದೆ ನೀಲಿಯಾಗಿ ಬೆಳಗಿ, ಎತ್ತರ ನಾಲ್ಕು ಸಾವಿರ ಅಡಿ ಎಂದಿತು. ಚಿಕ್ಕಪ್ಪ ಅಭ್ಯಾಸಬಲದಿಂದ ಎರಡು ಸಲ ತಟ್ಟಿದರು. ಪರದೆ ನಾಚಿಕೊಳ್ಳಲಿಲ್ಲ, ತನ್ನ ಭಾಷೆ ಬದಲಾಯಿಸಿಕೊಂಡು ಅದನ್ನೇ ಹೇಳಿತು. ಆಗಲೇ ಹೊಸ ರೇಡಿಯೋದಲ್ಲಿ ಅಧಿಕಾರಿಗಳ ಧ್ವನಿ ಕೇಳಿಸಿತು.

"ಏನ್ ಡಾಕ್ಟ್ರೇ, ಒಂದು ಮಾತೂ ಹೇಳ್ದೆ ಹಾರಿಬಿಟ್ರಿ?"

"ಹಾರಿಲ್ಲ ಸಾರ್, ಶೆಡ್ಡಲ್ಲೇ ಇದೀನಿ. ನಿಮ್ಮ ಕಿಟಕಿಯಿಂದ ನೋಡಿ, ಕೈ ಬೀಸ್ತಿದೀನಿ."

ಎದುರಿನ ಗೋಪುರದ ಕಿಟಕಿಯಲ್ಲಿ ಅಧಿಕಾರಿಗಳೂ ಕೈ ಬೀಸಿದರು. "ಚೆನ್ನಾಗಿ ಕಾಣ್ತಿದೀರಿ. ಆದ್ರೆ ಕಿಟಕಿ ಹಳೇ ಉಪಕರಣ ಡಾಕ್ಟ್ರೇ. ಅದನ್ನ ಮಾನ್ಯ ಮಾಡೋದು ನಾವು ನಿಲ್ಲಿಸಿದೀವಿ. ನಮ್ಮ ಪರದೆ ಪ್ರಕಾರ ನೀವು ಮೇಲಿದೀರಿ."

"ಹಾಗಾದ್ರೆ ಈ ಪೆಟ್ಟಿಗೆ ಬಿಚ್ಚಿಸ್ತೀನಿ."

"ಹಾರ್ತಿರೋ ವಿಮಾನದಲ್ಲಿ ಉಪಕರಣ ಬಿಚ್ಚೋದಾ? ಜೀವದ ಮೇಲೆ ಆಸೆ ಇಲ್ವಾ?"

"ಹೋಗ್ಲಿ, ಆರಿಸ್ಲಾ?"

"ಆರಿಸಿದ್ರೆ ಪರದೆಯಿಂದ ಮಾಯ ಆಗ್ತೀರಿ. ಮಾಯ ಆದ್ರೆ ಬಿದ್ದ ಲೆಕ್ಕ. ಬಿದ್ರೆ ನಾನು ನಿಮ್ಮ ಮನೆಯವರಿಗೆ ಸಂತಾಪ ಹೇಳ್ಬೇಕು. ಅವರು ನಿಮ್ಮ ಪಕ್ಕದಲ್ಲೇ ನಿಂತಿದಾರೆ, ಯಾವ ಬಾಯಲ್ಲಿ ಹೇಳ್ಲಿ?"

"ಅಯ್ಯೋ, ಇಳಿಯೋಕಾದ್ರೂ ಅನುಮತಿ ಕೊಡಿ ಸಾರ್."

"ಏರಿದ ದಾಖಲೆ ಇಲ್ಲದ ವಿಮಾನ ಇಳಿಯೋಕೆ ಬರಲ್ಲ."

"ಏರೇ ಇಲ್ಲ ಅಂತ ತಾನೇ ನಾನೂ ಬಡ್ಕೊಳ್ತಿರೋದು!"

"ಅದು ನೀವು ಮಾಡಿದ ತಪ್ಪು. ಈಗ ಏರೋಕೆ ಹೋಗ್ಬೇಡಿ ಮತ್ತೆ, ಎಂಟು ಸಾವಿರ ಅಡಿ ಆಗತ್ತೆ."

ಪೈಲಟ್ ಎದ್ದು ಹೋದರೆ, ಜನ ವಾಸಿಸುವ ಊರಿನ ಮೇಲೆ ವಿಮಾನವನ್ನು ಅನಾಥವಾಗಿ ಬಿಟ್ಟ ಅಪರಾಧವಾಗುತ್ತದೆ, ವಿಮಾನ ಜಪ್ತಿಯಾಗುತ್ತದೆ, ಪೈಲಟ್ ಜೈಲಿಗೆ ಹೋಗುತ್ತಾರೆ ಎಂದೂ ಅಧಿಕಾರಿಗಳು ಸ್ನೇಹದಿಂದಲೇ ತಿಳಿಸಿದರು. ಚಿಕ್ಕಪ್ಪ ಬೆಲ್ಟು ಹಾಕಿಕೊಂಡು ಕೂತರು.

ಅಂದು ರಾತ್ರಿ ಚಿಕ್ಕಮ್ಮನೆದುರಿನ ಕುರ್ಚಿ ಖಾಲಿ ಇತ್ತು. ಮರುದಿನದಿಂದ ನಾನೂ ಚಿಕ್ಕಮ್ಮನೂ ಶೆಡ್ಡಿಗೆ ಊಟ ಒಯ್ಯತೊಡಗಿದೆವು. ನೆಲಕ್ಕೂ ಆಕಾಶಕ್ಕೂ ಮಾತುಕತೆ ರೇಡಿಯೋ ಮೂಲಕವೇ ಆಗತಕ್ಕದ್ದೆಂಬ ನಿಯಮವಿದ್ದುದರಿಂದ, ಕಚೇರಿಯವರು ಚಿಕ್ಕಮ್ಮನಿಗೊಂದು ಕೈ ರೇಡಿಯೋ ಕೊಟ್ಟಿದ್ದರು. ಚಿಕ್ಕಮ್ಮ ವಿಮಾನದ ಕಿಟಕಿಗೆ ಮೊಣಕೈ ಊರಿ, ಚಿಕ್ಕಪ್ಪನ ಮುಖಕ್ಕೆ ಮುಖ ಕೊಟ್ಟು, ರೇಡಿಯೋದಲ್ಲಿ ಮಾತಾಡುತ್ತಿದ್ದರು.

"ರೀ, ಊಟ ಆಯ್ತಾ? ಓವರ್."

"ಆಯ್ತು ಕಣೆ. ಉಪ್ಪು ಕಡಿಮೆ. ಓವರ್."

"ಅಷ್ಟು ಎತ್ತರದಲ್ಲಿ ನಾಲಿಗೆ ಕೆಡತ್ತಂತೆ. ಉಪ್ಪು ಸರಿಯಾಗೇ ಇತ್ತು. ಡಬ್ಬಿ ಕೊಡಿ. ಓವರ್."

ಡಬ್ಬಿ ಕೊಡುವಂತಿರಲಿಲ್ಲ. ಹಾರುತ್ತಿರುವ ವಿಮಾನದಿಂದ ಯಾವುದೇ ವಸ್ತುವನ್ನು ಕೆಳಕ್ಕೆ ಹಾಕುವುದು ನಿಷಿದ್ಧ. ಊಟ ಮೇಲೇರುತ್ತಿತ್ತು, ಡಬ್ಬಿಗಳು ಹಿಂದಿನ ಸೀಟಿನಲ್ಲಿ ಗೋಪುರವಾಗುತ್ತಿದ್ದವು. ಚಿಕ್ಕಪ್ಪ ಶೌಚಾಲಯಕ್ಕೆ ಹೋಗಿಬರುವ ವಿಷಯದಲ್ಲಿ ಮಾತ್ರ ಕಚೇರಿ ಮಾನವೀಯತೆ ಮೆರೆಯಿತು. ಅಷ್ಟು ಹೊತ್ತು ವಿಮಾನದೊಂದಿಗೆ ಸಂಪರ್ಕ ತಪ್ಪಿದೆಯೆಂದು ಬರೆದುಕೊಳ್ಳುತ್ತಿದ್ದರು.

ಗಂಡನನ್ನು ಕೆಳಗಿಳಿಸಿಕೊಡಬೇಕೆಂದು ಚಿಕ್ಕಮ್ಮ ಕಚೇರಿಯ ಮೆಟ್ಟಿಲು ಹತ್ತಿದರು, ಇಳಿದರು. ಹತ್ತುವುದಕ್ಕೂ ಇಳಿಯುವುದಕ್ಕೂ ಅನುಮತಿ ಬೇಡದ ಜಾಗ ಅದೊಂದೇ ಎಂದು ದಾರಿಯಲ್ಲಿ ನನ್ನ ಹತ್ತಿರ ಹೇಳಿದರು. ಅತ್ತ ಕ್ಲಿನಿಕ್ಕಿನಲ್ಲಿ, ಮೇಲಿನ ಸಾಲಿನ ಹಲ್ಲುಸೆಟ್ಟು ಮಾತ್ರ ಸಿಕ್ಕಿದ್ದ ಮುದುಕರೊಬ್ಬರು ಕೆಳಗಿನ ಸಾಲಿಗಾಗಿ ದಿನವೂ ಬಂದು ಕೂರುತ್ತಿದ್ದರು. ಡಾಕ್ಟರು ಎಲ್ಲೆಂದು ಕೇಳಿದವರಿಗೆ ಆಕಾಶ ತೋರಿಸುತ್ತಿದ್ದರು. ಕೇಳಿದವರು ತಪ್ಪು ತಿಳಿದು ಕಣ್ಣೊರೆಸಿಕೊಂಡು ಹೋಗುತ್ತಿದ್ದರು.

ಹೀಗಿರುವಾಗ ಅಧಿಕಾರಿಗಳಿಗೇ ಹಲ್ಲುನೋವು ಬಂತು. ಕೆನ್ನೆ ಊದಿಕೊಂಡು ಶೆಡ್ಡಿಗೆ ಓಡಿ ಬಂದರು. ಚಿಕ್ಕಮ್ಮನ ಮುಖದಲ್ಲಿ ಮೊದಲ ಸಲ ಬೆಳಕು ಕಂಡಿತು.

"ನೋಡಿ ಸಾರ್," ಎಂದರು, "ಇವರನ್ನ ಇಳಿಸಿ, ಐದು ನಿಮಿಷದಲ್ಲಿ ಹಲ್ಲು ಕಿತ್ತು ಕೈಗೆ ಕೊಡ್ತಾರೆ."

"ನನ್ನ ಸ್ವಂತ ಹಲ್ಲಿಗೋಸ್ಕರ ನಿಯಮ ಮುರೀಲಾ? ಛೆ ಛೆ!" ಎಂದರು ಅಧಿಕಾರಿಗಳು. ಅವರು ಪ್ರಾಮಾಣಿಕರು. ದವಡೆ ಹಿಡಿದುಕೊಂಡೇ ನಿಯಮಾವಳಿಯನ್ನೆಲ್ಲ ತಿರುವಿ ಹಾಕಿದರು. ಹಾರುತ್ತಿರುವ ವಿಮಾನವನ್ನು ಹತ್ತಬಾರದೆಂದು ಎಲ್ಲಿಯೂ ಬರೆದಿರಲಿಲ್ಲ. ಯಾರಿಗೂ ಹಾಗೆ ಹೊಳೆದಿರಲಿಲ್ಲ. ಅಧಿಕಾರಿಗಳು ತಮಗೆ ತಾವೇ ಅನುಮತಿ ಕೊಟ್ಟುಕೊಂಡು, ಬಾಗಿಲು ತೆಗೆದು ಚಿಕ್ಕಪ್ಪನ ಪಕ್ಕದ ಸೀಟಿನಲ್ಲಿ ಕೂತರು. ನಾನು ಕ್ಲಿನಿಕ್ಕಿನಿಂದ ತಂದ ಇಕ್ಕಳ ಕಿಟಕಿಯಿಂದ ಮೇಲೇರಿತು. ಹಲ್ಲು ಕಿತ್ತು ಬಂತು. ಅಧಿಕಾರಿಗಳು ಬಾಯಲ್ಲಿ ಹತ್ತಿ ಕಚ್ಚಿಕೊಂಡು, ಥ್ಯಾಂಕ್ಸ್ ಹೇಳಿ, ಇಳಿಯಲೆಂದು ಬಾಗಿಲಿಗೆ ಕೈ ಹಾಕಿದರು. ಹಾಕಿದ ಕೈ ಅಲ್ಲೇ ನಿಂತಿತು.

ಹಾರುತ್ತಿರುವ ವಿಮಾನದಿಂದ ಇಳಿಯಬಾರದೆಂದು ಬರೆದಿತ್ತು. ಬರೆದವರು ಅವರೇ.

"ಸಾರ್, ಈಗ ನೀವೇ ಇದೀರಲ್ಲ," ಎಂದರು ಚಿಕ್ಕಪ್ಪ ಆಸೆಯಿಂದ. "ಇಲ್ಲಿಂದಲೇ ಒಂದು ಆದೇಶ ಕೊಟ್ಬಿಡಿ. ಇಬ್ರೂ ಇಳಿಯೋಣ."

"ಹೇಗ್ರೀ ಕೊಡ್ಲಿ? ನಾನೀಗ ಪ್ರಯಾಣಿಕ," ಎಂದರು ಅಧಿಕಾರಿಗಳು ಹತ್ತಿಯ ಸಂದಿನಿಂದ.

ಗೋಪುರದಲ್ಲಿ ಖಾಲಿಯಾದ ಅವರ ಕುರ್ಚಿಯಲ್ಲಿ ಉಪ ಅಧಿಕಾರಿ ಕೂತರು. ಹದಿನೈದು ವರ್ಷ ಆ ಕುರ್ಚಿಯ ಬೆನ್ನನ್ನು ಮಾತ್ರ ನೋಡುತ್ತಿದ್ದವರು. ನಾನೂ ಚಿಕ್ಕಮ್ಮನೂ ಹೋದಾಗ ಅದನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ ನೋಡುತ್ತಿದ್ದರು.

"ನಮ್ಮ ಸಾಹೇಬರೂ ಮೇಲಿದಾರೆ ಮೇಡಂ. ಅವರನ್ನ ಕೆಳಗಿಳಿಸೋದು ಅಂದ್ರೆ ನನಗೆ ಮನಸ್ಸಿಗೆ ಎಷ್ಟು ಕಷ್ಟ ಆಗತ್ತೆ ಗೊತ್ತಾ," ಎಂದರು.

"ನಿಮಗೆ ಕಷ್ಟ ಆಗ್ಬಾರ್ದು ಅಂತ ನಾನು ಒಂಟಿಯಾಗಿ ಊಟ ಮಾಡ್ಲಾ?" ಚಿಕ್ಕಮ್ಮ ಕೈ ರೇಡಿಯೋವನ್ನು ಮೇಜಿನ ಮೇಲೆ ಕುಕ್ಕಿದರು. "ಇವತ್ತು ಒಂದು ದಾರಿ ಹೇಳ್ಲಿಲ್ಲ ಅಂದ್ರೆ ನಾನೂ ಹೋಗಿ ಹತ್ತಿಬಿಡ್ತೀನಿ. ಇವಳನ್ನೂ ಹತ್ತಿಸ್ತೀನಿ."

ನಾಲ್ಕೂ ಸೀಟು ತುಂಬಿದರೆ ಅದು ಖಾಸಗಿ ವಿಮಾನವೋ ಸಾರ್ವಜನಿಕ ಸಾರಿಗೆಯೋ ಎಂಬ ಪ್ರಶ್ನೆ ಏಳುತ್ತಿತ್ತು. ಉಪ ಅಧಿಕಾರಿಗಳು ಬೆವರೊರೆಸಿಕೊಂಡು ಅಂಗಡಿಯವನನ್ನು ಕರೆಸಿದರು. ಭಾವನೇ ಸಿಕ್ಕಿಹಾಕಿಕೊಂಡಿದ್ದರಿಂದ ಅವನೂ ಚಿಂತೆಯಲ್ಲಿದ್ದ. ಚಿಂತೆಯ ನಡುವೆಯೇ ದಾರಿ ಹೊಳೆದಿತ್ತು.

"ಬಿಚ್ಚೋದು ತಾನೇ ತಪ್ಪು? ಜೋಡಿಸೋದು ತಪ್ಪಲ್ವಲ್ಲ. ಇನ್ನೊಂದು ಪೆಟ್ಟಿಗೆ ಹಾಕೋಣ. ಅದು ಸೊನ್ನೆ ತೋರಿಸತ್ತೆ. ಎರಡರ ಸರಾಸರಿ ತಗೊಳ್ಳಿ, ಎರಡು ಸಾವಿರ. ಅರ್ಧ ಇಳಿದ ಹಾಗಾಯ್ತು."

"ಆ ಪೆಟ್ಟಿಗೆ ಸರಿಯಾಗಿ ತೋರಿಸತ್ತೆ ಅಂತ ಏನು ಗ್ಯಾರಂಟಿ?" ಎಂದರು ಚಿಕ್ಕಮ್ಮ.

"ನಿಜ ಹೇಳೋದು ಬೇರೆ ಮಾಡೆಲ್ ಅಮ್ಮ. ರೇಟು ಸ್ವಲ್ಪ ಜಾಸ್ತಿ."

ಸರಾಸರಿ ನಿಯಮ ಅಂದೇ ಜಾರಿಗೆ ಬಂತು. ಅಂಗಡಿಯವನು ಕಾಲುಗಳನ್ನು ಏಣಿಯ ಮೇಲಿಟ್ಟು, ಕೈಗಳನ್ನು ಮಾತ್ರ ಆಕಾಶಕ್ಕೆ ಚಾಚಿ ಪೆಟ್ಟಿಗೆ ಕೂರಿಸಿದ. ಗೋಪುರದಲ್ಲಿ ಉಪ ಅಧಿಕಾರಿಗಳು ಲೆಕ್ಕ ಮಾಡಿ ರೇಡಿಯೋದಲ್ಲಿ ಘೋಷಿಸಿದರು: ಎರಡು ಸಾವಿರ ಅಡಿ. ಆ ಕ್ಷಣ ಚಿಕ್ಕಪ್ಪ ಎರಡೂ ಕಿವಿಗಳನ್ನು ಮುಚ್ಚಿಕೊಂಡರು.

"ಒಮ್ಮೆಲೇ ಇಳಿದ್ವಲ್ಲ, ಕಿವಿ ಕಟ್ಕೊಂಡಿತು," ಎಂದರು. ಅಧಿಕಾರಿಗಳು ಹಿಂದಿನ ಸೀಟಿನ ಡಬ್ಬಿಯೊಂದರಲ್ಲಿ ವಾಂತಿ ಮಾಡಿಕೊಂಡಿದ್ದರಿಂದ ಚಿಕ್ಕಮ್ಮ ಅದನ್ನು ಪೂರ್ತಿಯಾಗಿ ಕಳೆದುಕೊಳ್ಳಬೇಕಾಯಿತು.

ಮೂರನೆಯ ಪೆಟ್ಟಿಗೆಗೆ ಸಾವಿರದ ಮುನ್ನೂರು ಚಿಲ್ಲರೆಗೆ ಇಳಿದರು. ನಾಲ್ಕನೆಯದಕ್ಕೆ ಸಾವಿರ. ಎಷ್ಟು ಪೆಟ್ಟಿಗೆ ಹಾಕಿದರೆ ಸೊನ್ನೆಯಾಗುತ್ತದೆಂದು ನಾನು ಅಂಗಡಿಯವನನ್ನು ಕೇಳಿದೆ. ಗಣಿತದ ಪ್ರಕಾರ ಎಂದಿಗೂ ಆಗುವುದಿಲ್ಲವೆಂದು ಅವನು ಸಂಕೋಚವಿಲ್ಲದೆ ಒಪ್ಪಿಕೊಂಡ. ಚಿಕ್ಕಮ್ಮನೂ ಕೇಳಿಸಿಕೊಂಡರು. "ನಿಂತ ಕಡೆ ನಿಂತಿರೋದಕ್ಕಿಂತ ವಾಸಿ," ಎಂದು ಐದನೆಯದಕ್ಕೆ ಹೇಳಿಟ್ಟರು.

ಈಗ ಎಂಟು ಪೆಟ್ಟಿಗೆಗಳಿವೆ. ಚಿಕ್ಕಪ್ಪ ಮತ್ತು ಅಧಿಕಾರಿಗಳು ಐನೂರು ಅಡಿಯಲ್ಲಿದ್ದಾರೆ. ಉಪಕರಣಗಳಿಗೆ ಜಾಗ ಸಾಲದೆ ಹಿಂದಿನ ಸೀಟುಗಳನ್ನು ಡಬ್ಬಿಗಳ ಸಮೇತ ಮಡಚಿಡಲಾಗಿದೆ. ದೇಶದಲ್ಲಿ ಇಷ್ಟು ಸುಸಜ್ಜಿತವಾದ ಸಣ್ಣ ವಿಮಾನ ಇನ್ನೊಂದಿಲ್ಲವೆಂದು ಉಪ ಅಧಿಕಾರಿಗಳು ಪ್ರಮಾಣಪತ್ರ ಕೊಟ್ಟಿದ್ದಾರೆ. ಈ ಎತ್ತರದಲ್ಲಿ ಹಲ್ಲಿನ ಚಿಕಿತ್ಸೆಗೆ ಪ್ರತ್ಯೇಕ ಪರವಾನಗಿ ಬೇಕಿಲ್ಲದ ಕಾರಣ ಮುದುಕರಿಗೆ ಕೆಳಗಿನ ಸಾಲೂ ಸಿಕ್ಕಿದೆ. ತಲೆಯನ್ನು ಮಾತ್ರ ಕಿಟಕಿಯೊಳಗೆ ತೂರಿಸಿ ಅಳತೆ ಕೊಟ್ಟರು.

ಹೋದ ವಾರ ನಾವು ಊಟ ಹಿಡಿದು ಹೊರಟಾಗ ಪಕ್ಕದ ಮನೆಯಾಕೆ ಗೇಟಿನ ಹತ್ತಿರ ನಿಂತಿದ್ದರು.

"ನಿಮ್ಮ ಯಜಮಾನ್ರು ಹೇಗಿದಾರೆ?"

"ಐನೂರಕ್ಕೆ ಬಂದ್ರು," ಎಂದರು ಚಿಕ್ಕಮ್ಮ. ಧ್ವನಿಯಲ್ಲಿ ಸಣ್ಣ ಹೆಮ್ಮೆ ಇತ್ತು. "ಮೊದಲಿಗಿಂತ ಎಷ್ಟೋ ಹತ್ತಿರ."

ಪಕ್ಕದ ಮನೆಯಾಕೆ ತಿರುಗಿ ತಮ್ಮ ನಡುಮನೆಯತ್ತ ನೋಡಿದರು. ಅಲ್ಲಿ ಅವರ ಯಜಮಾನರು ಸೋಫಾದ ಮೇಲೆ ಕಾಲು ಚಾಚಿ, ಮೊಬೈಲಿನಲ್ಲಿ ಮುಳುಗಿದ್ದರು.

"ಅದೃಷ್ಟವಂತರು ನೀವು. ನಮ್ಮವರು ಎಷ್ಟು ಅಡಿಯಲ್ಲಿದಾರೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ," ಎಂದು ನಿಟ್ಟುಸಿರಿಟ್ಟು, ಅಂಗಡಿಯವನ ನಂಬರು ಕೇಳಿದರು. ಚಿಕ್ಕಮ್ಮ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ನಂಬರನ್ನು ಎರಡು ಸಲ ನಿಧಾನವಾಗಿ ಹೇಳಿ ಬರೆಸಿದರು.