ಒಂದು ಸಾವಿರದ ನೂರ ನಲವತ್ತಾರು ಬಾಲಗಳು

ಶಿಸ್ತುಳ್ಳ ಒಬ್ಬನೇ ಒಬ್ಬ ಮನುಷ್ಯನು, ಎಂತಹ ಅಸ್ತವ್ಯಸ್ತ ಮನೆಯನ್ನಾದರೂ ಮೂರೇ ದಿನಗಳಲ್ಲಿ ಸುವ್ಯವಸ್ಥೆಗೆ ತರಬಲ್ಲನು! ಈ ಸಿದ್ಧಾಂತವನ್ನು ನಾನು 2023ನೆಯ ಇಸವಿ ಜೂನ್ 12, ಸೋಮವಾರ, ಬೆಳಿಗ್ಗೆ 9 ಗಂಟೆ 10 ನಿಮಿಷಕ್ಕೆ ಗಟ್ಟಿಯಾಗಿ ಘೋಷಿಸಿದೆ. ಕೇಳಲು ಮನೆಯಲ್ಲಿ ಯಾರೂ ಇರಲಿಲ್ಲ. ಘೋಷಣೆಯಲ್ಲಿ ಅಷ್ಟು ಧೈರ್ಯವಿದ್ದುದಕ್ಕೆ ಕಾರಣವೂ ಅದೇ.

ನನ್ನ ಧರ್ಮಪತ್ನಿಯು ಅಂದು ಬೆಳಿಗ್ಗೆಯಷ್ಟೇ ತನ್ನ ತಂಗಿಯ ಮನೆಗೆ ಮೂರು ದಿನಗಳ ಮಟ್ಟಿಗೆ ಹೊರಟಿದ್ದಳು. ಹಿಂದೆ ಅಚ್ಚುಮನೆಯೊಂದರಲ್ಲಿ ಸೀಸದ ಅಕ್ಷರದ ಮೊಳೆ ಜೋಡಿಸುತ್ತಿದ್ದವಳು ಆಕೆ. 2011ರ ಆಗಸ್ಟ್ 4, ಗುರುವಾರದಂದು ನಮ್ಮ ಮನೆಗೆ ಕಂಪ್ಯೂಟರ್ ಬಂದ ಮೇಲೆ ಮುಂದಿನ ಕೋಣೆಯಲ್ಲೇ ಕುಳಿತು ಪುಸ್ತಕ, ಕರಪತ್ರಗಳನ್ನು ಅಚ್ಚಿಗೆ ಅಣಿಮಾಡಿ ಕೊಡುತ್ತಾಳೆ. ಗಿರಾಕಿಗಳು ಆಕೆಯನ್ನು ಹುಡುಕಿಕೊಂಡು ಬರುತ್ತಾರೆ. ನನ್ನನ್ನು ಹುಡುಕಿಕೊಂಡು ಬರುವವರು ನೀರಿನ ಮೀಟರ್ ಓದುವವರು ಮಾತ್ರ.

ನಾನು ದಾಖಲೆ ಕೊಠಡಿಯ ನಿವೃತ್ತ ಅಧಿಕಾರಿ. ಹಾಳೆಯ ಬಲ ಮೇಲ್ಮೂಲೆಯಲ್ಲಿ ತಾರೀಖು ಬರೆಯದವನ ಉತ್ತರವನ್ನೇ ಓದದ ಮುಖ್ಯೋಪಾಧ್ಯಾಯರ ಕೈಯಲ್ಲಿ, ಅಂದರೆ ಅವರ ಕೈಯಲ್ಲಿದ್ದ ಅಡಿಕೋಲಿನ ಕೆಳಗೆ, ಕಲಿತವನು. ಇಂಥವನು ಆ ದಿನ ಹೆಂಡತಿಯ ಕಂಪ್ಯೂಟರನ್ನು ತೆರೆದು ನೋಡಿದಾಗ ಕಂಡದ್ದೇನು? ಕಡತಗಳ ಹೆಸರುಗಳು ಹೀಗಿದ್ದವು: ‘ಪಂಪಿನವರು’. ‘ಉದ್ದ ಮೀಸೆ’. ‘ಉದ್ದ ಮೀಸೆ ಹೊಸದು’. ‘ಇದೇ’. ‘ಇದೇ ಸರಿ’. ‘ದೇವರಾಣೆ ಇದೇ ಕೊನೆ’. ಅದರ ಕೆಳಗೆ, ‘ದೇವರಾಣೆ ಇದೇ ಕೊನೆ 2’!

ನನ್ನ ರಕ್ತ ಕುದಿಯಿತು. ಪ್ರತಿಯೊಂದು ಕಡತಕ್ಕೂ ಅದು ಕೊನೆಯದಾಗಿ ತಿದ್ದಲ್ಪಟ್ಟ ತಾರೀಖನ್ನೇ ಹೆಸರಾಗಿ ಇಡುವುದೆಂದು ಸಂಕಲ್ಪ ಮಾಡಿದೆ. ತಾರೀಖು, ಪಕ್ಕದಲ್ಲಿ ಕ್ರಮಸಂಖ್ಯೆ, ಅಷ್ಟೇ. ತಾರೀಖಿನ ನಡುವೆ ಓರೆಗೆರೆ ಹಾಕಲು ಯಂತ್ರವು ಒಪ್ಪಲಿಲ್ಲ. ಅರ್ಧ ಗಂಟೆ ವಾದಿಸಿ ಅಡ್ಡಗೆರೆಗೆ ಇಳಿದೆ. ನಾನು ಮಾಡಿಕೊಂಡ ಏಕೈಕ ರಾಜಿ ಅದು.

ಆಗ ಇನ್ನೊಂದು ಅಸಹ್ಯವು ಕಣ್ಣಿಗೆ ಬಿತ್ತು. ಪ್ರತಿ ಹೆಸರಿನ ಕೊನೆಗೂ ಒಂದು ಚುಕ್ಕೆ, ಚುಕ್ಕೆಯ ಮುಂದೆ ಮೂರು ಇಂಗ್ಲಿಷ್ ಅಕ್ಷರಗಳ ಒಂದು ಬಾಲ! ಅರ್ಥವಿಲ್ಲ, ಉಚ್ಚಾರವಿಲ್ಲ, ಸ್ವರವಂತೂ ಇಲ್ಲವೇ ಇಲ್ಲ. ಕತ್ತರಿಸಿದೆ. ಯಂತ್ರವು ಒಡನೆಯೇ ಪರದೆಯ ಮೇಲೆ ಒಂದು ಪ್ರಶ್ನೆಯನ್ನು ತಂದು ನಿಲ್ಲಿಸಿತು: ‘ಹೀಗೆ ಮಾಡಿದರೆ ಕಡತವು ಉಪಯೋಗಕ್ಕೆ ಬಾರದೆ ಹೋಗಬಹುದು. ನಿಜವಾಗಿಯೂ ಮಾಡಬೇಕೆ?’ ಮೂವತ್ತನಾಲ್ಕು ವರ್ಷ ಸೇವೆ ಸಲ್ಲಿಸಿದ ಅಧಿಕಾರಿಯನ್ನು ಒಂದು ಪೆಟ್ಟಿಗೆ ಪ್ರಶ್ನಿಸುವುದೇ? ‘ಹೌದು’ ಎಂದು ಒತ್ತಿದೆ. ಮುಂದಿನ ಕಡತಕ್ಕೂ ಅದೇ ಉದ್ಧಟತನ. ಮತ್ತೆ ‘ಹೌದು’. ಹೀಗೆ ಬುಧವಾರ ಸಂಜೆ 5 ಗಂಟೆ 25 ನಿಮಿಷದ ಹೊತ್ತಿಗೆ ನಾನು ಒಂದು ಸಾವಿರದ ನೂರ ನಲವತ್ತಾರು ಬಾಲಗಳನ್ನು ಕತ್ತರಿಸಿ, ಒಂದು ಸಾವಿರದ ನೂರ ನಲವತ್ತಾರು ಬಾರಿ ‘ಹೌದು’ ಎಂದಿದ್ದೆ. ಮದುವೆಯಾದ ನಲವತ್ತೊಂದು ವರ್ಷಗಳಲ್ಲಿ ಹೆಂಡತಿಗೂ ಅಷ್ಟು ಸಲ ‘ಹೌದು’ ಎಂದವನಲ್ಲ!

ಆಕೆ ಎಲ್ಲ ಕಡತಗಳ ನಕಲನ್ನೂ ಒಂದು ಪೆನ್‌ಡ್ರೈವಿನಲ್ಲಿ ಇಟ್ಟಿದ್ದಳು. ಮೂಲಕ್ಕೂ ನಕಲಿಗೂ ವ್ಯತ್ಯಾಸವಿರಕೂಡದೆಂಬುದು ದಾಖಲೆ ಕೊಠಡಿಯ ಮೊದಲ ನಿಯಮ. ಹಳೆಯ ನಕಲುಗಳನ್ನೆಲ್ಲ ಅಳಿಸಿ, ಹೊಸ ಹೆಸರಿನವನ್ನು ತುಂಬಿದೆ. ಕೆಲಸ ಮಾಡಿದರೆ ಪೂರ್ತಿ ಮಾಡಬೇಕು!

ಗುರುವಾರ, ಜೂನ್ 15, ಮಧ್ಯಾಹ್ನ 12 ಗಂಟೆ 50 ನಿಮಿಷಕ್ಕೆ ಹೆಂಡತಿ ಮನೆಗೆ ಬಂದಳು. ಆಕೆ ಚಪ್ಪಲಿ ಬಿಡುವಷ್ಟರಲ್ಲಿ ಹಿಂದೆಯೇ ಹೆರಿಗೆ ಆಸ್ಪತ್ರೆಯ ಹಿರಿಯ ನರ್ಸಮ್ಮ ಏದುಸಿರು ಬಿಡುತ್ತ ಬಂದರು. ಕೈಯಲ್ಲಿ ರಟ್ಟು ಕಿತ್ತುಹೋದ ಒಂದು ಸಣ್ಣ ಪುಸ್ತಕ: ‘ಮಗುವಿನ ಮೊದಲ ನಲವತ್ತು ದಿನ’. ನರ್ಸಮ್ಮನೇ ಬರೆದದ್ದು, ನನ್ನಾಕೆಯೇ ಅಣಿಮಾಡಿದ್ದು.

“ಅಕ್ಕಾ, ಕೈ ಹಿಡೀಬೇಕು ನೀವು. ಆಸ್ಪತ್ರೆಯವರು ಮೂರು ಸಾವಿರ ಪ್ರತಿ ಹಾಕಿಸ್ತೀವಿ ಅಂದಿದಾರೆ. ಆದ್ರೆ ಇವತ್ತು ನಾಲ್ಕು ಗಂಟೆಗೆ ಪುಸ್ತಕದ ಕಡತ ಅಚ್ಚಿನವರ ಕೈಲಿ ಇರಬೇಕಂತೆ. ಇಲ್ಲಾಂದ್ರೆ ಆ ಎದುರು ಬೀದಿಯ ಹೊಸ ಅಂಗಡಿಗೆ ಕೊಡ್ತಾರಂತೆ, ಆಮೇಲೆ ಆಸ್ಪತ್ರೆ ಕೆಲಸ ಎಲ್ಲಾ ಅವರಿಗೇ.”

“ಅಯ್ಯೋ, ಅದಕ್ಕೇನು! ಎಲ್ಲಾ ಸಿದ್ಧವಾಗೇ ಇದೆ. ಐದು ನಿಮಿಷ ಕೂತ್ಕೊಳಿ,” ಎಂದು ಹೆಂಡತಿ ಕಂಪ್ಯೂಟರ್ ಹಚ್ಚಿದಳು.

ನಾನು ಹಿಂದೆ ಕೈಕಟ್ಟಿ, ಬಹುಮಾನ ವಿತರಣೆಗೆ ಕಾದ ವಿದ್ಯಾರ್ಥಿಯಂತೆ ನಿಂತೆ. ಪರದೆಯ ಮೇಲೆ ಒಂದು ಸಾವಿರದ ನೂರ ನಲವತ್ತಾರು ಬಿಳಿ ಹಾಳೆಗಳು, ಸಮವಸ್ತ್ರ ತೊಟ್ಟ ಮಕ್ಕಳಂತೆ ಸಾಲಾಗಿ ನಿಂತಿದ್ದವು!

“ರೀ...” ಎಂದಳು. ದನಿ ಬಹಳ ಮೆತ್ತಗಿತ್ತು. ನಲವತ್ತೊಂದು ವರ್ಷಗಳ ಅನುಭವದಿಂದ ಹೇಳುತ್ತೇನೆ, ಅದು ಒಳ್ಳೆಯ ಲಕ್ಷಣವಲ್ಲ. “ಇದೇನ್ರೀ ಇದು?”

“ಸುವ್ಯವಸ್ಥೆ!” ಎಂದೆ.

“ನನ್ನ ನರ್ಸಮ್ಮ ಎಲ್ಲಿ?”

“ನಿನ್ನ ಪಕ್ಕದಲ್ಲೇ ಕುಳಿತಿದ್ದಾರಲ್ಲ.”

“ಕಡತ ಕಣ್ರೀ! ‘ನರ್ಸಮ್ಮ ಇದೇ ಸರಿ’ ಅಂತ ಇತ್ತಲ್ಲ, ಅದೆಲ್ಲಿ?”

“ಅಂಥ ಹೆಸರನ್ನು ಇಟ್ಟುಕೊಳ್ಳುವುದು ಗೌರವಕ್ಕೆ ತಕ್ಕದ್ದಲ್ಲ. ತಾರೀಖು ಹೇಳು, ಕ್ಷಣದಲ್ಲಿ ತೆಗೆದುಕೊಡುತ್ತೇನೆ.”

“ತಾರೀಖು ಯಾರಿಗೆ ನೆನಪಿರುತ್ತೆ!”

ಈ ಸಾಧ್ಯತೆಯು ನನ್ನ ಯೋಜನೆಯಲ್ಲಿ ಸೇರಿರಲಿಲ್ಲ. ಆಕೆ ಒಂದು ಹಾಳೆಯನ್ನು ಒತ್ತಿದಳು. ತೆರೆಯಲಿಲ್ಲ. ಇನ್ನೊಂದನ್ನು ಒತ್ತಿದಳು. ‘ಇದನ್ನು ಯಾವುದರಿಂದ ತೆರೆಯಲಿ?’ ಎಂದು ಯಂತ್ರವೇ ಆಕೆಯನ್ನು ಕೇಳಿತು.

“ಬಾಲ ಎಲ್ಲಿ?” ಎಂದಳು.

“ಕತ್ತರಿಸಿದೆ.”

“ಎಷ್ಟರದು?”

“ಎಲ್ಲದರದ್ದೂ,” ಎಂದೆ. ಅಷ್ಟು ಹೊತ್ತಿಗೆ ನನ್ನ ದನಿಯಲ್ಲಿದ್ದ ಅಧಿಕಾರಿಯು ಎರಡನೆಯ ಬಾರಿ ನಿವೃತ್ತನಾಗಿದ್ದನು.

ಯಾವ ಕಡತ ಚಿತ್ರ, ಯಾವುದು ಪತ್ರ, ಯಾವುದು ಪುಸ್ತಕ ಎಂಬುದು ಯಂತ್ರಕ್ಕೆ ತಿಳಿಯುವುದು ಆ ಬಾಲದಿಂದಲೇ ಅಂತೆ! ಆಕೆ ಪೆನ್‌ಡ್ರೈವ್ ಚುಚ್ಚಿದಳು. ಅಲ್ಲಿಯೂ ಅದೇ ಸಮವಸ್ತ್ರದ ಮಕ್ಕಳು. ಆಕೆ ನನ್ನತ್ತ ತಿರುಗಿ ನೋಡಿದ ನೋಟವನ್ನು ವರ್ಣಿಸುವ ಶಕ್ತಿ ಈ ಲೇಖನಿಗೆ ಇಲ್ಲ.

ನರ್ಸಮ್ಮ ತಮ್ಮ ಹರಿದ ಪುಸ್ತಕವನ್ನು ತಿರುವಿ, “2017 ಅಂತ ಇದೆ ಅಕ್ಕಾ, ಇಸವಿ ಮಾತ್ರ,” ಎಂದರು. ನಾನು ಉತ್ಸಾಹದಿಂದ ಎಣಿಸಿದೆ. ಆ ವರ್ಷದ ಕಡತಗಳು ನೂರ ಅರವತ್ತಮೂರು. ನಮ್ಮ ಹಳೆಯ ಯಂತ್ರದಲ್ಲಿ ಬಾಲ ಅಂಟಿಸಿ ತೆರೆದು ನೋಡಲು ಒಂದೊಂದಕ್ಕೆ ಮೂರು ನಿಮಿಷ.

“ಒಟ್ಟು ಎಂಟು ಗಂಟೆ ಒಂಬತ್ತು ನಿಮಿಷ ಸಾಕು!” ಎಂದೆ.

“ಗಂಟೆ ಈಗ ಒಂದೂ ಕಾಲು ಸರ್,” ಎಂದರು ನರ್ಸಮ್ಮ.

ಹೆಂಡತಿ ಕಣ್ಣು ಮುಚ್ಚಿ ಯೋಚಿಸಿದಳು. “ಇರಿ, ಇರಿ. ಅದನ್ನ ಮುಗಿಸಿದ ದಿನ ನಂಗೆ ಚೆನ್ನಾಗಿ ನೆನಪಿದೆ. ಕೊನೇ ಪುಟ ಕೂರಿಸ್ತಿದ್ದೆ, ಅಷ್ಟರಲ್ಲಿ ಇವರು ಬಚ್ಚಲುಮನೇಲಿ ಸಿಕ್ಕಾಕ್ಕೊಂಡು ಬಾಗಿಲು ಬಡೀತಿದ್ರು. ಎದ್ದು ಹೋಗಿ ಬಡಗಿನ ಕರ್ಕೊಂಡು ಬಂದೆ. ರೀ, ನಿಮ್ಮ ದಿನಚರೀಲಿ ಎಲ್ಲಾ ಬರ್ದಿರ್ತೀರಲ್ಲ, ತೆಗೀರಿ! ಬಚ್ಚಲಲ್ಲಿ ಸಿಕ್ಕಾಕ್ಕೊಂಡಿದ್ದು ಯಾವತ್ತು?”

ನಾನು 2017ರ ದಿನಚರಿಯನ್ನು ತಂದೆ. ಹುಡುಕುವವನಂತೆ ನಟಿಸುತ್ತ ಪುಟ ತಿರುವಿದೆ. ಏಕೆಂದರೆ ಓದುಗರೇ, ದಿನಚರಿಯು ಮುಂದಿನ ಪೀಳಿಗೆಗಾಗಿ ಬರೆಯುವಂಥದ್ದು. ಮೈಮೇಲೆ ಒಂದು ಟವೆಲಿನೊಂದಿಗೆ ಬಚ್ಚಲಿನಲ್ಲಿ ಸೆರೆಯಾದುದನ್ನು ಅದರಲ್ಲಿ ಹಾಗೆಯೇ ಬರೆಯಲಾದೀತೆ? ಅದನ್ನು ಯಾವ ಭಾಷೆಯಲ್ಲಿ ಬರೆದಿದ್ದೇನೆಂಬುದು ನನಗೆ ಗೊತ್ತಿತ್ತು. ಓದಿದರೆ ನನ್ನ ಮರ್ಯಾದೆಯ ಗತಿ?

“ಅಂತಹ ಘಟನೆಯು ದಾಖಲಾಗಿಲ್ಲ,” ಎಂದೆ.

ಹೆಂಡತಿ ಕನ್ನಡಕ ತೆಗೆದಳು. ಒಂದು ಚೀಟಿಯಲ್ಲಿ ಏನೋ ಬರೆದು ನರ್ಸಮ್ಮನ ಕೈಗಿಟ್ಟಳು.

“ಎದುರು ಬೀದಿ ಅಂಗಡಿಯವರ ಫೋನ್ ನಂಬರು. ಹುಡುಗಿ ಒಳ್ಳೆ ಕೆಲಸಗಾರ್ತಿ. ನಾಲ್ಕು ಕೈ ಕೂತು ಟೈಪ್ ಮಾಡಿದ್ರೆ ಇವತ್ತೇ ಆಗ್ಬಹುದು. ನಿಮ್ಮ ಪುಸ್ತಕ ನಿಲ್ಲೋದು ಬೇಡ.”

ಒಂದೊಂದು ಮೊಳೆಯಾಗಿ ಜೋಡಿಸಿ ಕಲಿತ ಕೈ, ಬೇರೆಯವರ ನಂಬರನ್ನು ಅಷ್ಟು ದುಂಡಗೆ ಬರೆದು ಕೊಟ್ಟಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆಕೆ ಬೈಯಲಿಲ್ಲ.

“ನಿಲ್ಲಿ!” ಎಂದೆ. “ತಪ್ಪು ನನ್ನದು.”

ಇಬ್ಬರೂ ತಿರುಗಿ ನೋಡಿದರು. ದಿನಚರಿಯನ್ನು ಬಿಡಿಸಿ, ಗಂಟಲು ಸರಿಮಾಡಿಕೊಂಡು, ಎದ್ದು ನಿಂತು ಓದಿದೆ:

“‘ಅಕ್ಟೋಬರ್ 11, ಬುಧವಾರ. ಬೆಳಿಗ್ಗೆ 9.40ರಿಂದ 11.55ರವರೆಗೆ ಏಕಾಂತ ಚಿಂತನೆ. ಅನಂತರ ಬಡಗಿಯೊಂದಿಗೆ ಸಮಾಲೋಚನೆ.’”

ನರ್ಸಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಸೆರಗು ಸಾಲಲಿಲ್ಲ!

“ಏಕಾಂತ ಚಿಂತನೆ!” ಎಂದಳು ಹೆಂಡತಿ. “‘ಅಯ್ಯೋ ಯಾರಾದ್ರೂ ಬನ್ರೋ’ ಅಂತ ಕೂಗ್ತಿದ್ರಲ್ಲ, ಅದಾ ಚಿಂತನೆ?”

“ಆ ವರ್ಷ ಮಾರ್ಚಿನಲ್ಲಿಯೂ ಒಂದು ಏಕಾಂತ ಚಿಂತನೆ ಇದೆ,” ಎಂದು ಪ್ರಾಮಾಣಿಕನಾಗಿ ಸೇರಿಸಿದೆ.

“ಅದು ಬೇರೆ. ಅದರಲ್ಲಿ ನೀವೇ ಕಿಟಕಿಯಿಂದ ಇಳಿದು ಬಂದ್ರಿ. ಬಡಗಿ ಬಂದಿದ್ದೇ ನಮಗೆ ಬೇಕಾದ್ದು. ಹುಂ, ತೆಗೀರಿ ಬೇಗ!”

11-10-2017. ಹದಿನಾಲ್ಕು ಕಡತಗಳು! ಆಕೆ ಹೇಳಿದಂತೆ ನಾನು ಬಾಲ ಅಂಟಿಸಿದೆ. ಮೊದಲನೆಯದು ತೆರೆದಾಗ ಪರದೆಯ ತುಂಬ ಇರುವೆ ಸಾಲಿನಂತಹ ಚಿಹ್ನೆಗಳು ಹರಿದವು. ಎರಡನೆಯದೂ ಹಾಗೆಯೇ. ಐದನೆಯದು ತೆರೆದುಕೊಂಡಿತು. ‘ಮಗುವಿನ ಮೊದಲ ನಲವತ್ತು ದಿನ’! ನರ್ಸಮ್ಮ ಕೈ ತಟ್ಟಿದರು.

ಆದರೆ ಚಿತ್ರಗಳಿರಬೇಕಾದ ಕಡೆಯಲ್ಲೆಲ್ಲ ಖಾಲಿ ಚೌಕಗಳು. ಹಳೆಯ ಹೆಸರಿನ ಚಿತ್ರಗಳನ್ನು ಪುಸ್ತಕವು ಹುಡುಕುತ್ತಿತ್ತು. ಹೆಸರು ಬದಲಾಯಿಸಿದ ಮಹಾನುಭಾವನು ಪಕ್ಕದಲ್ಲೇ ನಿಂತಿದ್ದನು. “ಮಿಕ್ಕ ಒಂಬತ್ತೂ ಚಿತ್ರಗಳೇ ಇರಬೇಕು, ಕ್ರಮವಾಗಿ ಕೂರಿಸುತ್ತೇನೆ,” ಎಂದು ಮುನ್ನುಗ್ಗಿದೆ. ಆ ದಿನವೇ ಆಕೆ ಪಂಪಿನ ಅಂಗಡಿಯ ಕರಪತ್ರವನ್ನೂ ಮುಗಿಸಿದ್ದಳೆಂದು ನನಗೆ ಹೇಗೆ ತಿಳಿಯಬೇಕು? ಹನ್ನೊಂದನೆಯ ಪುಟದಲ್ಲಿ, ‘ಮಗುವನ್ನು ಹೀಗೆ ಎರಡೂ ಕೈಗಳಿಂದ ಆಧಾರ ಕೊಟ್ಟು ಎತ್ತಿಕೊಳ್ಳಿ’ ಎಂಬ ಸಾಲಿನ ಮೇಲೆ, ಕಬ್ಬಿಣದ ದೊಡ್ಡದೊಂದು ನೀರೆತ್ತುವ ಪಂಪು ಬಂದು ಕುಳಿತಿತು.

ನರ್ಸಮ್ಮ ಕನ್ನಡಕ ಏರಿಸಿಕೊಂಡು ನೋಡಿದರು. “ಸರ್, ಈ ಕೂಸು ಎಷ್ಟು ಹಾರ್ಸ್‌ಪವರ್ದು?”

“ತೂಕ ಚೆನ್ನಾಗಿದೆ ಅಲ್ವಾ?” ಎಂದಳು ಹೆಂಡತಿ. ಆಕೆ ನಗುತ್ತಿದ್ದಳು. ಆ ದಿನದ ಮೊದಲ ನಗು ಅದು. ಸಮಯ 2 ಗಂಟೆ 35 ನಿಮಿಷ.

ಅನಂತರ ನನ್ನನ್ನು ಕುರ್ಚಿಯಿಂದ ಎಬ್ಬಿಸಿದಳು. ಬೆರಳುಗಳು ಕೀಲಿಗಳ ಮೇಲೆ ಓಡಿದವು. ಪಂಪು ಹೋಯಿತು, ಮಗು ಬಂತು. ನನಗೆ ವಹಿಸಿದ ಹೊಣೆ ಫ್ಯಾನ್ ಹಾಕುವುದು, ನೀರು ಕೊಡುವುದು, ಯಾವುದನ್ನೂ ಮುಟ್ಟದಿರುವುದು. 3 ಗಂಟೆ 48 ನಿಮಿಷಕ್ಕೆ ಪುಸ್ತಕವು ಅಚ್ಚಿನವರಿಗೆ ತಲುಪಿತು. ನರ್ಸಮ್ಮ ಆ ನಂಬರಿನ ಚೀಟಿಯನ್ನು ನಾಲ್ಕು ಚೂರು ಮಾಡಿ ಕಸದ ಬುಟ್ಟಿಗೆ ಹಾಕಿ ಹೊರಟರು. ಬಾಗಿಲಲ್ಲಿ ನಿಂತು, “ಸರ್, ಚಿಂತನೆಗೆ ಕೂರೋ ಮುಂಚೆ ಚಿಲಕ ಒಂದ್ಸಲ ನೋಡ್ಕೊಳಿ,” ಎಂದರು.

ಮರುದಿನ, ಶುಕ್ರವಾರ ಬೆಳಿಗ್ಗೆ, ಉಳಿದ ಬಾಲಗಳನ್ನು ನಾನೇ ಅಂಟಿಸಿ ಪ್ರಾಯಶ್ಚಿತ್ತ ಮಾಡಿಕೊಳ್ಳೋಣವೆಂದು ಕಂಪ್ಯೂಟರ್ ಮುಂದೆ ಕುಳಿತೆ. ಪರದೆಯು ಪಾಸ್‌ವರ್ಡ್ ಕೇಳಿತು! ಹನ್ನೆರಡು ವರ್ಷಗಳಲ್ಲಿ ಎಂದೂ ಕೇಳಿರಲಿಲ್ಲ.

“ಏನೇ ಇದು?” ಎಂದು ಕೂಗಿದೆ.

ಅಡುಗೆಮನೆಯಿಂದ ಉತ್ತರ ಬಂತು: “ನಿಮಗೆ ಇಷ್ಟ ಅಂತ ಒಂದು ತಾರೀಖೇ ಇಟ್ಟಿದೀನಿ. ಕಂಡುಹಿಡೀರಿ ನೋಡೋಣ.”

ತಾರೀಖು! ನನ್ನ ಮುಂದೆ! ನಕ್ಕು, ಅಂಗಿಯ ತೋಳು ಮಡಚಿಕೊಂಡು ಮದುವೆಯ ದಿನವನ್ನು ಒತ್ತಿದೆ, 1982ರ ಮೇ 9, ಭಾನುವಾರ. ತಪ್ಪು. ಆಕೆಯ ಜನ್ಮದಿನ. ತಪ್ಪು. ಕಂಪ್ಯೂಟರ್ ಬಂದ ದಿನ. ತಪ್ಪು. ನಾನು ನಿವೃತ್ತನಾದ ದಿನವೇನಾದರೂ ಆಕೆಯ ಪಾಲಿಗೆ ಸ್ಮರಣೀಯವಾಗಿರಬಹುದೇ? ಖಂಡಿತವಾಗಿಯೂ ತಪ್ಪು. ಬಚ್ಚಲಿನ ಎರಡೂ ಚಿಂತನೆಗಳನ್ನು ಒತ್ತಿ ನೋಡಿದೆ. ಅವೂ ಅಲ್ಲ. ಹನ್ನೊಂದು ಗಂಟೆಯ ಹೊತ್ತಿಗೆ ಐದು ವರ್ಷಗಳ ದಿನಚರಿಗಳು ಮೇಜಿನ ಮೇಲೆ ಬಿದ್ದಿದ್ದವು, ನಾನು ಅವುಗಳ ನಡುವೆ ಬಿದ್ದಿದ್ದೆ.

“ಸೋತೆ,” ಎಂದೆ. “ಯಾವ ದಿನ?”

ಆಕೆ ಕೈ ಒರೆಸಿಕೊಳ್ಳುತ್ತ ಬಂದು ನಿಂತಳು. “ನಿನ್ನೆ.”

“ನಿನ್ನೆಯೇ? ನಿನ್ನೆ ಏನು ವಿಶೇಷ?”

“ಮದುವೆಯಾಗಿ ನಲವತ್ತೊಂದು ವರ್ಷಕ್ಕೆ, ಮೊಟ್ಟಮೊದಲನೇ ಸಲ, ಮೂರನೆಯವರ ಎದುರಿಗೆ ‘ತಪ್ಪು ನನ್ನದು’ ಅಂದ್ರಲ್ಲ, ಆ ದಿನ.”

ದಿನಚರಿಗಳನ್ನು ಒಂದರ ಮೇಲೊಂದು ಜೋಡಿಸುತ್ತ, “ಈಗ ನನಗೆ ಗೊತ್ತಾಯಿತಲ್ಲ. ಇನ್ನು ಬದಲಾಯಿಸಬೇಕಾಗುತ್ತದೆ ನೀನು,” ಎಂದೆ.

“ಯಾಕ್ರೀ ಬದಲಾಯಿಸ್ಲಿ?” ಎಂದು ಆಕೆ ಅಡುಗೆಮನೆಯತ್ತ ತಿರುಗಿದಳು. “ಅದೊಂದು ತಾರೀಖನ್ನ ನೀವು ನಾಳೆ ಹೊತ್ತಿಗೆ ಮರೆತಿರ್ತೀರಿ.”